ದತ್ತಾಂಶ ಯಾವ ಪ್ರಮಾಣ?

ದಾಖಲಾದ ಅಂಕಿಗಳಿಂದ ಬೆಲೆ, ದಾಸ್ತಾನು, ಬೇಡಿಕೆ, ಗ್ರಾಹಕರ ನಡೆ ಮುಂತಾದವುಗಳ ಬಗೆಗೆ ತೀರ್ಮಾನ ಪಡೆದು, ವ್ಯಾಪಾರದ ನಿರ್ಧಾರಗಳಿಗೆ ಆಧಾರ ಒದಗಿಸುವ ವಿದ್ಯೆಗೆ ದತ್ತಾಂಶ ವಿಶ್ಲೇಷಣೆ ಎಂದು ಹೆಸರು. ಒಂದು ಕಾಲಕ್ಕೆ ಸಂಖ್ಯಾಶಾಸ್ತ್ರದ ಸ್ನಾತಕೋತ್ತರ ವಿಭಾಗಗಳಲ್ಲೂ ದೊಡ್ಡ ಕಂಪನಿಗಳ ಕಚೇರಿಗಳಲ್ಲೂ ಮಾತ್ರ ಕಾಣುತ್ತಿದ್ದ ಈ ವಿದ್ಯೆ ಇಂದು ಮೊಬೈಲಿನಲ್ಲಿ ಪಾಠ ಕೇಳುವ ವಿದ್ಯಾರ್ಥಿಗೂ ಎಟುಕುತ್ತದೆ. ಮದ್ರಾಸಿನ ಐಐಟಿ 2020ರಲ್ಲಿ ಆರಂಭಿಸಿದ ಆನ್‌ಲೈನ್ ಪದವಿಯಲ್ಲಿ ಪಾಠಗಳು ಅಂತರ್ಜಾಲದಲ್ಲಿಯೂ ಪರೀಕ್ಷೆಗಳು ಕೇಂದ್ರಗಳಲ್ಲಿಯೂ ನಡೆಯುತ್ತವೆ; ಅದರ ಡಿಪ್ಲೊಮಾ ಹಂತದಲ್ಲಿ ವ್ಯಾಪಾರದ ದತ್ತಾಂಶ ನಿರ್ವಹಣೆ ಒಂದು ಪ್ರತ್ಯೇಕ ವಿಷಯವಾಗಿದ್ದು, ನಿಜವಾದ ವ್ಯಾಪಾರವೊಂದರ ಅಂಕಿಗಳನ್ನು ಆಧರಿಸಿ ವಿದ್ಯಾರ್ಥಿ ವರದಿ ಬರೆಯಬೇಕಾಗುತ್ತದೆ. ಇಂಥ ಪಠ್ಯಕ್ರಮಗಳು ಸರಾಸರಿಯಿಂದ ಹಿಡಿದು ಯಂತ್ರಕಲಿಕೆಯವರೆಗೆ ಬಹಳಷ್ಟನ್ನು ಕಲಿಸುತ್ತವೆಯಾದರೂ, ಹೀಗೆ ದೊರೆತ ಅರಿವು ಯಾವ ಜಾತಿಯದು, ಅದನ್ನು ಎಷ್ಟರ ಮಟ್ಟಿಗೆ ನಂಬಬೇಕು, ಅದು ಎಲ್ಲಿಗೆ ನಿಲ್ಲುತ್ತದೆ ಎಂಬ ಪ್ರಶ್ನೆಗಳನ್ನು ಸಾಮಾನ್ಯವಾಗಿ ಮುಟ್ಟದೆ ಮುಂದೆ ಸಾಗುತ್ತವೆ.

ಯಥಾರ್ಥ ಜ್ಞಾನದ ಸಾಧನವನ್ನು ಭಾರತೀಯ ದರ್ಶನಗಳು ಪ್ರಮಾಣ ಎಂದು ಕರೆದು, ಅದರ ಬಗೆಗಳನ್ನು ಕುರಿತು ಶತಮಾನಗಳ ಕಾಲ ವಾದಿಸಿವೆ. ಇಂದ್ರಿಯಕ್ಕೂ ವಿಷಯಕ್ಕೂ ಉಂಟಾಗುವ ಸಂಪರ್ಕದಿಂದ ಹುಟ್ಟುವುದು ಪ್ರತ್ಯಕ್ಷ. ಕಂಡ ಗುರುತಿನಿಂದ ಕಾಣದ ಇನ್ನೊಂದನ್ನು ತಿಳಿಯುವುದು ಅನುಮಾನ. ನಂಬಲರ್ಹರ ಮಾತಿನಿಂದ ತಿಳಿಯುವುದು ಶಬ್ದ ಅಥವಾ ಆಗಮ. ಚಾರ್ವಾಕರು ಪ್ರತ್ಯಕ್ಷವೊಂದನ್ನೇ ಒಪ್ಪಿದರು. ಬೌದ್ಧ ತಾರ್ಕಿಕರು ಮೊದಲ ಎರಡನ್ನು, ಮಧ್ವಮತದವರು ಮೂರನ್ನು, ನೈಯಾಯಿಕರು ಹೋಲಿಕೆಯಿಂದ ತಿಳಿಯುವ ಉಪಮಾನವನ್ನೂ ಸೇರಿಸಿ ನಾಲ್ಕನ್ನು ಒಪ್ಪಿದರು. ದತ್ತಾಂಶವನ್ನು ಇವುಗಳಲ್ಲಿ ಯಾವುದರ ಕೆಳಗೆ ಇಡಬೇಕೆಂಬುದು ಪಂಡಿತರ ಕಾಲಕ್ಷೇಪದಂತೆ ತೋರಬಹುದಾದರೂ, ಆ ಗುರುತಿಸುವಿಕೆ ತಪ್ಪಿದಲ್ಲಿ ಮುಂದಿನ ಲೆಕ್ಕವೆಲ್ಲ ಸರಿಯಾಗಿದ್ದೂ ನಿರ್ಧಾರ ಕೆಡಬಲ್ಲದು.

ದತ್ತಾಂಶವೆಂದರೆ ಪ್ರತ್ಯಕ್ಷ ಎಂಬುದು ಬಹುಮಂದಿಯ ಗ್ರಹಿಕೆ. ಅಭಿಪ್ರಾಯಗಳು ಬೇರೆ ಬೇರೆಯಾಗಬಹುದು, ಅಂಕಿಗಳು ಮಾತ್ರ ಕಣ್ಣೆದುರಿನ ಸತ್ಯ ಎಂಬ ಭರವಸೆಯ ಮೇಲೆಯೇ ಈ ವಿದ್ಯೆಯ ಪ್ರತಿಷ್ಠೆ ನಿಂತಿದೆ. ಆದರೆ ವಿಶ್ಲೇಷಕನಿಗೆ ಪ್ರತ್ಯಕ್ಷವಾಗುವುದು ಪರದೆಯ ಮೇಲಿನ ಅಂಕಿಯೇ ಹೊರತು ಅದು ಹೇಳುವ ಘಟನೆಯಲ್ಲ. ಕೋಷ್ಟಕದ ಒಂದೊಂದು ಮನೆಯೂ ಯಾರೋ ಒಬ್ಬರು, ಅಥವಾ ಯಾರೋ ಒಬ್ಬರು ಹೂಡಿಟ್ಟ ಉಪಕರಣ, ಹೇಳಿದ ಮಾತು: ಇಂಥ ದಿನ ಇಷ್ಟು ಮಾರಾಟವಾಯಿತು, ಈ ಗ್ರಾಹಕನ ವಯಸ್ಸು ಇಷ್ಟು, ಈ ಸರಕು ಹಿಂದಿರುಗಿತು. ಹೀಗಿರುವಾಗ ದತ್ತಾಂಶ ಸ್ವಭಾವತಃ ಶಬ್ದಪ್ರಮಾಣಕ್ಕೆ ಸೇರಿದ್ದು. ಅದನ್ನು ಪರೀಕ್ಷಿಸಬೇಕಾದುದು ಶಬ್ದಕ್ಕೆ ಒಡ್ಡುವ ಪರೀಕ್ಷೆಗಳಿಂದಲೇ. ನ್ಯಾಯಸೂತ್ರಗಳು ಶಬ್ದವನ್ನು ಆಪ್ತನ ಉಪದೇಶವೆಂದು ನಿರೂಪಿಸುತ್ತವೆ. ವಿಷಯವನ್ನು ತಾನೇ ಸಾಕ್ಷಾತ್ತಾಗಿ ತಿಳಿದವನು, ತಿಳಿದಂತೆಯೇ ಹೇಳಬೇಕೆಂಬ ಇಚ್ಛೆಯುಳ್ಳವನು ಆಪ್ತನೆಂದು ಭಾಷ್ಯಕಾರ ವಾತ್ಸ್ಯಾಯನನು ವಿವರಿಸಿ, ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ಸೇರಿಸುತ್ತಾನೆ. ಆಪ್ತತೆಯನ್ನು ಕುಲದಿಂದ ಬಿಡಿಸಿ ಅರಿವಿಗೂ ಪ್ರಾಮಾಣಿಕತೆಗೂ ಕಟ್ಟಿದ ಈ ಮಾತಿನ ಧೈರ್ಯ ಇಂದಿಗೂ ಮೆಚ್ಚತಕ್ಕದ್ದು. ಮಧ್ವಾಚಾರ್ಯರಾದರೋ ಪ್ರಮಾಣಲಕ್ಷಣವೆಂಬ ಚಿಕ್ಕ ಗ್ರಂಥದಲ್ಲಿ ಮೂರೂ ಪ್ರಮಾಣಗಳನ್ನು ದೋಷರಾಹಿತ್ಯದಿಂದಲೇ ನಿರೂಪಿಸಿದರು. ಆಗಮವೆಂದರೆ ಅವರ ಪ್ರಕಾರ ನಿರ್ದೋಷವಾದ ಶಬ್ದ. ದೋಷಗಳು ಯಾವುವು, ಎಲ್ಲಿಂದ ಬರುತ್ತವೆ ಎಂಬ ವಿಚಾರವನ್ನು ಅವರ ಪರಂಪರೆಯ ಜಯತೀರ್ಥರ ಪ್ರಮಾಣಪದ್ಧತಿ ಮುಂದುವರಿಸುತ್ತದೆ.

ಆರಂಭಿಕ ಪಾಠಗಳಲ್ಲಿ ಬಹಳ ಬಳಕೆಯಲ್ಲಿರುವ ಐರಿಸ್ ಹೂಗಳ ಕೋಷ್ಟಕವನ್ನು ಈ ದೃಷ್ಟಿಯಿಂದ ನೋಡಬಹುದು. ಮೂರು ಪ್ರಭೇದಗಳ 150 ಹೂಗಳಿಗೆ ತಲಾ ನಾಲ್ಕು ಅಳತೆಗಳುಳ್ಳ ಈ ಕೋಷ್ಟಕ 1936ರಲ್ಲಿ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ ಪ್ರಕಟಿಸಿದ ಪ್ರಬಂಧದಿಂದ ಪ್ರಸಿದ್ಧವಾಯಿತು, ಫಿಶರನ ಹೆಸರಿನಿಂದಲೇ ಪರಿಚಿತವಾಗಿದೆ. ಹೂಗಳನ್ನು ಅಳೆದವನು ಮಾತ್ರ ಸಸ್ಯವಿಜ್ಞಾನಿ ಎಡ್ಗರ್ ಆ್ಯಂಡರ್‌ಸನ್. ನ್ಯಾಯದರ್ಶನದ ಪ್ರಕಾರ ಇಲ್ಲಿ ಆಪ್ತನು ಆ್ಯಂಡರ್‌ಸನ್ನನೇ, ಆದರೆ ಕಲಿಯುವವನಿಗೆ ಅವನ ಹೆಸರು ತಿಳಿಯುವ ಅಗತ್ಯವೇ ಬೀಳುವುದಿಲ್ಲ. ಎಲ್ಲ ಮನೆಗಳೂ ತುಂಬಿರುವ, ತಿದ್ದಿ ತೊಳೆದ ಇಂಥ ಕೋಷ್ಟಕಗಳಲ್ಲಿ ಪಳಗಿದ ವಿದ್ಯಾರ್ಥಿ ತನ್ನ ವರದಿಗಾಗಿ ಊರಿನ ಕಿರಾಣಿ ಅಂಗಡಿಯೊಂದಕ್ಕೆ ಹೋದರೆ, ಅಲ್ಲಿ ಉದ್ರಿಯ ಅರ್ಧ ಭಾಗ ಪುಸ್ತಕದಲ್ಲಿಯೂ ಉಳಿದರ್ಧ ಮಾಲೀಕರ ನೆನಪಿನಲ್ಲಿಯೂ ಇರುವುದು ಸಾಧ್ಯ. ಮನೆಬಳಕೆಗೆ ತೆಗೆದುಕೊಂಡ ಸಕ್ಕರೆ ಯಾವ ಲೆಕ್ಕಕ್ಕೂ ಸೇರದೆ ಹೋಗಿರಬಹುದು. ಪ್ರಮಾಣಶಾಸ್ತ್ರದ ಮೊದಲ ಪಾಠ ಅವನಿಗೆ ದೊರೆಯುವುದು ಅಲ್ಲಿ, ಮತ್ತು ಪಠ್ಯಕ್ರಮದಲ್ಲಿ ಇಂಥ ವರದಿ ಇರುವುದು ಅದರ ಅತ್ಯುತ್ತಮ ಅಂಶವೆಂದೇ ಹೇಳಬೇಕು.

ವಾತ್ಸ್ಯಾಯನನ ಎರಡನೆಯ ಲಕ್ಷಣ, ಅಂದರೆ ಕಂಡಂತೆ ಹೇಳುವ ಇಚ್ಛೆ, ವ್ಯಾಪಾರದಲ್ಲಿ ಇನ್ನೂ ಬೇಗ ಮುರಿಯುತ್ತದೆ. ಅಳತೆಯೊಂದು ಗುರಿಯಾದ ಕೂಡಲೇ ಅಳತೆಯಾಗಿ ಕೆಡುತ್ತದೆ ಎಂಬ ಅರ್ಥದ ಸೂತ್ರವೊಂದು ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲಿ ಮಂಡಿಸಿದ ವಿಚಾರದಿಂದ ಬೆಳೆದು ಅವನ ಹೆಸರಿನಲ್ಲಿ ರೂಢವಾಗಿದೆ. ಅಮೆರಿಕದ ವೆಲ್ಸ್ ಫಾರ್ಗೊ ಬ್ಯಾಂಕು ಪ್ರತಿ ಗ್ರಾಹಕನಿಗೂ ಹೆಚ್ಚು ಹೆಚ್ಚು ಖಾತೆಗಳನ್ನು ಮಾರುವ ಗುರಿಯನ್ನು ನೌಕರರ ಮೇಲೆ ಹೇರಿದಾಗ, ನೌಕರರು ಗ್ರಾಹಕರಿಗೆ ತಿಳಿಯದಂತೆ ಲಕ್ಷಗಟ್ಟಲೆ ಖಾತೆಗಳನ್ನು ತೆರೆದರು. 2016ರಲ್ಲಿ ಬ್ಯಾಂಕಿಗೆ 18.5 ಕೋಟಿ ಡಾಲರ್ ದಂಡ ಬಿತ್ತು. ಅದುವರೆಗೆ ಆ ಬ್ಯಾಂಕಿನ ದಾಖಲೆಯಲ್ಲಿದ್ದ ಅಂಕಿಗಳ ಮೇಲೆ ಎಂಥ ಸೂಕ್ಷ್ಮ ಲೆಕ್ಕ ನಡೆಸಿದ್ದರೂ ಗ್ರಾಹಕರ ಒಲವು ತಿಳಿಯುತ್ತಿರಲಿಲ್ಲ, ಏಕೆಂದರೆ ಹೇಳುವವನ ಸಂಬಳವೇ ಹೇಳಿಕೆಗೆ ಕಟ್ಟುಬಿದ್ದಿತ್ತು.

ಸಾಕ್ಷಿಯನ್ನು ಒಪ್ಪಿಕೊಂಡ ಮೇಲೆ ಅನುಮಾನದ ಸರದಿ. ಹೊಗೆ ಇದ್ದಲ್ಲೆಲ್ಲ ಬೆಂಕಿ ಇರುತ್ತದೆಂಬ ತಪ್ಪದ ಸಂಬಂಧಕ್ಕೆ ವ್ಯಾಪ್ತಿ ಎಂದು ಹೆಸರು. ಆ ಬಲದಿಂದ ಬೆಟ್ಟದ ಮೇಲೆ ಹೊಗೆ ಕಂಡವನು ಬೆಂಕಿಯನ್ನು ಊಹಿಸುತ್ತಾನೆ. ಇದನ್ನೇ ತಿರುಗಿಸಿ, ಬೆಂಕಿ ಇರುವುದರಿಂದ ಹೊಗೆ ಇದೆ ಎಂದರೆ ಅನುಮಾನ ಕೆಡುತ್ತದೆ, ಏಕೆಂದರೆ ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದ್ದೂ ಹೊಗೆಯಿಲ್ಲ. ಹೊಗೆಗೆ ನಿಜವಾಗಿ ಬೇಕಾದುದು ಹಸಿ ಸೌದೆಯ ಸಂಪರ್ಕ. ಸಾಧಿಸಬೇಕಾದುದು ಇರುವಲ್ಲೆಲ್ಲ ತಾನೂ ಇದ್ದು, ಆಧಾರವಾಗಿ ಒಡ್ಡಿದ ಹೇತುವಿರುವ ಎಲ್ಲ ಕಡೆ ಇರದ ಇಂಥ ಅಡಗಿದ ನಿಮಿತ್ತವನ್ನು ನೈಯಾಯಿಕರು ಉಪಾಧಿ ಎಂದರು. ಉದಯನಾಚಾರ್ಯ, ಗಂಗೇಶೋಪಾಧ್ಯಾಯರಂಥವರು ಅದರ ಲಕ್ಷಣಕ್ಕಾಗಿ ಪುಟಗಟ್ಟಲೆ ಸೆಣಸಿದರು, ಮತ್ತು ವಿಜಯನಗರದ ವ್ಯಾಸತೀರ್ಥರು ತರ್ಕತಾಂಡವದಲ್ಲಿ ನವ್ಯನ್ಯಾಯವೆಂಬ ಆ ತರ್ಕಪರಂಪರೆಯ ಸಿದ್ಧಾಂತಗಳನ್ನೇ ಒರೆಗೆ ಹಚ್ಚಿದರು. ಇಂದಿನ ಪಠ್ಯಗಳಲ್ಲಿ ಎರಡು ಸಂಗತಿಗಳ ಸಂಬಂಧವನ್ನು ಮರೆಯಲ್ಲಿ ನಿಂತು ನಡೆಸುವ ಮೂರನೆಯ ಅಂಶದ ವಿಚಾರ ಬಂದಾಗ ನಡೆಯುವುದು ಬಹುಮಟ್ಟಿಗೆ ಇದೇ ಚರ್ಚೆ. ಕ್ಯಾಲಿಫೋರ್ನಿಯದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ 1973ರಲ್ಲಿ ಸ್ನಾತಕೋತ್ತರ ಪ್ರವೇಶ ಬಯಸಿದ ಪುರುಷರಲ್ಲಿ ಸುಮಾರು ಶೇಕಡ 44, ಮಹಿಳೆಯರಲ್ಲಿ ಸುಮಾರು ಶೇಕಡ 35 ಮಂದಿಗೆ ಸೀಟು ದೊರೆತಿತ್ತು. ಹೆಣ್ಣೆಂಬ ಕಾರಣಕ್ಕೆ ಅನ್ಯಾಯವಾಗಿದೆ ಎಂಬ ಅನುಮಾನ ಸಹಜವಾಗಿತ್ತು. 1975ರಲ್ಲಿ ಪ್ರಕಟವಾದ ಅಧ್ಯಯನವೊಂದು ಒಂದೊಂದು ವಿಭಾಗವನ್ನೂ ಬಿಡಿಸಿ ನೋಡಿದಾಗ ಆ ಅಂತರ ಕರಗಿ, ಒಟ್ಟಾರೆ ಮಹಿಳೆಯರ ಕಡೆಗೇ ತುಸು ವಾಲಿತು: ಪ್ರವೇಶ ಕಠಿಣವಾಗಿದ್ದ ವಿಭಾಗಗಳಿಗೆ ಅವರು ಹೆಚ್ಚಾಗಿ ಅರ್ಜಿ ಹಾಕಿದ್ದರು. ವಿಭಾಗದ ಆಯ್ಕೆ ಇಲ್ಲಿ ಹಸಿ ಸೌದೆಯ ಸ್ಥಾನದಲ್ಲಿದೆ. ಆದರೆ ಮಹಿಳೆಯರು ಆ ವಿಭಾಗಗಳನ್ನೇ ಏಕೆ ಆರಿಸಿದರು, ಶಾಲೆಯಿಂದಲೇ ಬಂದ ಬೇರೆ ಯಾವ ಒತ್ತಡ ಅದರ ಹಿಂದಿತ್ತು ಎಂದು ಕೇಳಿದರೆ ಉಪಾಧಿಗೂ ಉಪಾಧಿ ಹುಡುಕಬೇಕಾಗುತ್ತದೆ. ಆ ಹುಡುಕಾಟ ಎಲ್ಲಿಗೆ ನಿಲ್ಲಬೇಕೆಂದು ಕೋಷ್ಟಕ ಹೇಳುವುದಿಲ್ಲ.

ಹೋಲಿಕೆಯನ್ನು ಅತಿಗೆ ಒಯ್ಯಬಾರದು. ನೈಯಾಯಿಕರ ವ್ಯಾಪ್ತಿಯನ್ನು ಒಂದೇ ಒಂದು ಅಪವಾದ ಮುರಿಯುತ್ತದೆ, ಸಂಖ್ಯಾಶಾಸ್ತ್ರ ಅಪವಾದಗಳ ನಡುವೆಯೇ ಬದುಕುತ್ತದೆ. ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಸ್ಥಾಪಕ ಪ್ರಶಾಂತಚಂದ್ರ ಮಹಾಲನೋಬಿಸ್ 1954ರ ಪ್ರಬಂಧದಲ್ಲಿ ಸಂಭವನೀಯತೆಯ ಪೂರ್ವಛಾಯೆಯನ್ನು ನ್ಯಾಯದಲ್ಲಿ ಅರಸದೆ ಜೈನರ ಸ್ಯಾದ್ವಾದದಲ್ಲಿ, ಅದರಲ್ಲೂ ಇದೆ ಎಂದಾಗಲಿ ಇಲ್ಲ ಎಂದಾಗಲಿ ನುಡಿಯಲಾಗದ ಅವಕ್ತವ್ಯವೆಂಬ ಹೇಳಿಕೆಯ ಬಗೆಯಲ್ಲಿ ಕಂಡದ್ದು ಈ ಕಾರಣದಿಂದಲೇ ಇರಬೇಕು.

ಪಠ್ಯಕ್ರಮಗಳು ವಿಶ್ಲೇಷಣೆಯನ್ನು ನಾಲ್ಕು ಮೆಟ್ಟಿಲುಗಳಾಗಿ ಬಿಡಿಸುವುದು ರೂಢಿ. ಏನಾಯಿತೆಂದು ವರ್ಣಿಸುವುದು, ಏಕಾಯಿತೆಂದು ಕಾರಣ ಹುಡುಕುವುದು, ಏನಾದೀತೆಂದು ಮುಂಗಾಣುವುದು, ಏನು ಮಾಡಬೇಕೆಂದು ವಿಧಿಸುವುದು. ಮೊದಲ ಮೂರು ಒಂದೇ ಏಣಿಗೆ ಸೇರಿದವು. ನಾಲ್ಕನೆಯದು ಅದೇ ಏಣಿಯ ಮೆಟ್ಟಿಲಿನಂತೆ ಚಿತ್ರಿತವಾಗಿದ್ದರೂ ಬೇರೆಯೇ ಜಾತಿಯದು. ಮೀಮಾಂಸಾಸೂತ್ರಗಳ ಆರಂಭದಲ್ಲಿಯೇ ಜೈಮಿನಿಯು, ಪ್ರತ್ಯಕ್ಷವು ಈಗ ಇರುವ ವಸ್ತುವನ್ನಷ್ಟೇ ಹಿಡಿಯುವುದರಿಂದ ಮಾಡಬೇಕಾದುದನ್ನು ಅರಿಯಲು ಅದು ಸಾಧನವಾಗದೆಂದು ವಾದಿಸಿ, ಧರ್ಮವು ಪ್ರೇರಣೆಯ ವಾಕ್ಯದಿಂದ, ಅಂದರೆ ವಿಧಿಯಿಂದಲೇ ತಿಳಿಯತಕ್ಕದ್ದೆಂದು ನಿರ್ಣಯಿಸಿದನು. ಪ್ರತ್ಯಕ್ಷವನ್ನು ಆಶ್ರಯಿಸಿದ ಅನುಮಾನಕ್ಕೂ ಅದೇ ಮಿತಿಯೆಂದು ಆ ಸೂತ್ರಗಳ ಭಾಷ್ಯಕಾರರು ಹೇಳಿದರು. ಇರುವುದರಿಂದ ಇರಬೇಕಾದುದಕ್ಕೆ ತರ್ಕದ ಸೇತುವೆಯಿಲ್ಲವೆಂದು ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್ ಹದಿನೆಂಟನೆಯ ಶತಮಾನದಲ್ಲಿ ಎತ್ತಿದ ಆಕ್ಷೇಪ ಇದಕ್ಕೆ ಸಮೀಪದ್ದು. ಗಣಕಯಂತ್ರ ಅತ್ಯುತ್ತಮ ನಿರ್ಧಾರವನ್ನು ಕಂಡುಹಿಡಿಯಿತು ಎನ್ನುವಾಗ, ಯಾವುದನ್ನು ಹೆಚ್ಚಿಸಬೇಕು, ಯಾವುದನ್ನು ಕಡಿಮೆ ಮಾಡಬೇಕು ಎಂಬ ಸೂತ್ರವನ್ನು ಅದಕ್ಕೆ ಮೊದಲೇ ಯಾರೋ ಬರೆದುಕೊಟ್ಟಿರುತ್ತಾರೆ. ಆ ಸೂತ್ರವೇ ಇಲ್ಲಿಯ ವಿಧಿ.

ಫೋರ್ಡ್ ಕಂಪನಿಯ 1973ರ ಟಿಪ್ಪಣಿಯೊಂದು ಇದಕ್ಕೆ ನಿದರ್ಶನ. ಪಿಂಟೊ ಕಾರಿನ ಹೆಸರಿನೊಡನೆ ಕುಖ್ಯಾತವಾದರೂ, ಅದು ವಾಸ್ತವವಾಗಿ ಅಮೆರಿಕದಲ್ಲಿ ಮಾರಾಟವಾಗುವ ಎಲ್ಲ ಕಾರು, ಲಘು ಟ್ರಕ್ಕುಗಳು ಮಗುಚಿದಾಗ ಇಂಧನ ಸೋರುವ ಸಮಸ್ಯೆಯನ್ನು ಕುರಿತು ಸರ್ಕಾರದ ನಿಯಮದ ಸಂದರ್ಭದಲ್ಲಿ ಸಿದ್ಧವಾದ ಲೆಕ್ಕ. 1.25 ಕೋಟಿ ವಾಹನಗಳಿಗೆ ತಲಾ 11 ಡಾಲರಿನಂತೆ ದುರಸ್ತಿಯ ವೆಚ್ಚ ಸುಮಾರು 13.7 ಕೋಟಿ ಡಾಲರ್. ತಪ್ಪುವ 180 ಸಾವುಗಳಿಗೆ ತಲಾ ಎರಡು ಲಕ್ಷ, 180 ತೀವ್ರ ಸುಟ್ಟಗಾಯಗಳಿಗೆ ತಲಾ 67,000, ಸುಡುವ 2,100 ವಾಹನಗಳಿಗೆ ತಲಾ 700 ಡಾಲರಿನಂತೆ ಲಾಭ 4.95 ಕೋಟಿ ಡಾಲರ್. ಗುಣಾಕಾರದಲ್ಲಿ ದೋಷವಿಲ್ಲ. ವೆಚ್ಚ ಲಾಭಕ್ಕಿಂತ ಹೆಚ್ಚಾದರೆ ಮಾಡಬಾರದು ಎಂಬ ವಿಧಿಯಾಗಲಿ, ಪ್ರಾಣವನ್ನು ವೆಚ್ಚದೊಡನೆ ಒಂದೇ ತಕ್ಕಡಿಯಲ್ಲಿ ತೂಗಬಹುದೆಂಬ ಒಪ್ಪಿಗೆಯಾಗಲಿ ಈ ಅಂಕಿಗಳಿಂದ ಹುಟ್ಟಿದ್ದಲ್ಲ. ಎರಡೂ ಹೊರಗಿನಿಂದ ಬಂದು ಅಂಕಿಗಳ ವೇಷದಲ್ಲಿ ಒಳಗೆ ಕುಳಿತಿವೆ.

ಮೀಮಾಂಸಕರು ವೇದವಿಧಿಯನ್ನು ಅಪೌರುಷೇಯ, ಅಂದರೆ ಯಾವ ಪುರುಷನೂ ರಚಿಸದುದು, ಎಂದು ಹಟದಿಂದ ಸಾಧಿಸಿದ್ದರ ಹಿಂದೆ ಒಂದು ಗಂಭೀರವಾದ ಎಚ್ಚರವಿತ್ತು: ಕರ್ತೃವಿದ್ದರೆ ಅವನ ಭ್ರಮೆ, ಪ್ರಮಾದ, ವಂಚನೆಯ ಆಸೆಗಳೂ ವಾಕ್ಯದೊಳಗೆ ಬರುತ್ತವೆ. ಅವರ ಸಿದ್ಧಾಂತವನ್ನು ಒಪ್ಪದವರಿಗೂ ಈ ಎಚ್ಚರ ಉಪಯುಕ್ತ, ಏಕೆಂದರೆ ವ್ಯಾಪಾರದ ವಿಧಿಗಳೆಲ್ಲ ಪೌರುಷೇಯವಾಗಿದ್ದೂ ಕೋಷ್ಟಕದಲ್ಲಿ ಅಪೌರುಷೇಯದಂತೆ ಕಾಣಿಸಿಕೊಳ್ಳುತ್ತವೆ. ಫೋರ್ಡಿನ ಟಿಪ್ಪಣಿಯಲ್ಲಿ ಒಂದು ಸಾವಿಗೆ ಕಟ್ಟಿದ ಬೆಲೆಯೂ ಕಂಪನಿಯದಲ್ಲ. ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆ 1972ರಲ್ಲಿ ಸಿದ್ಧಪಡಿಸಿದ ಲೆಕ್ಕದಿಂದ ಎತ್ತಿಕೊಂಡದ್ದು. ಆ ಲೆಕ್ಕದಲ್ಲಿ ಬಹುಪಾಲು ಮೊತ್ತ ಸತ್ತವನು ಮುಂದೆ ದುಡಿಯಬಹುದಾಗಿದ್ದ ಉತ್ಪನ್ನದ ನಷ್ಟಕ್ಕೆ ಸಂದಿತ್ತು. ಅವನ ನೋವು ಸಂಕಟಗಳಿಗೆಂದು ಹಾಕಿದ್ದು 10,000 ಡಾಲರ್. ಇಲಾಖೆ ಅದನ್ನು ಸಮಾಜಕ್ಕಾಗುವ ನಷ್ಟದ ಅಂದಾಜು ಎಂದಿತು, ಕಂಪನಿ ಅದನ್ನು ಸರ್ಕಾರದ ಅಂಕಿ ಎಂದು ಬಳಸಿತು. ಆ 10,000ಕ್ಕೆ ಕರ್ತೃ ಯಾರೆಂಬ ಪ್ರಶ್ನೆಗೆ ಟಿಪ್ಪಣಿಯ ಕೋಷ್ಟಕದಲ್ಲಿ ಅಂಕಣವೇ ಇರಲಿಲ್ಲ.