‘ನಮ್ಮ ತಂಡ’ ಎಂಬ ಮಾತಿನ ವಿಚಾರ

ವ್ಯಾಕರಣಶಾಸ್ತ್ರದಲ್ಲಿ ಷಷ್ಠೀ ವಿಭಕ್ತಿಯೆಂಬುದೊಂದುಂಟು. ಒಂದಕ್ಕೂ ಇನ್ನೊಂದಕ್ಕೂ ಇರುವ ಸಂಬಂಧವನ್ನು ತಿಳಿಸುವುದೇ ಅದರ ಕೆಲಸ. ‘ನನ್ನ ಹೊಲ’ ಎಂದಾಗಲೂ ಷಷ್ಠಿಯೇ, ‘ನನ್ನ ತಾಯಿ’ ಎಂದಾಗಲೂ ಷಷ್ಠಿಯೇ, ‘ನನ್ನ ಗುರು’ ಎಂದಾಗಲೂ ಷಷ್ಠಿಯೇ. ಪ್ರತ್ಯಯವೊಂದೇ ಆದರೂ ಅರ್ಥಗಳು ಬೇರೆ. ಹೊಲವನ್ನು ಮಾರಬಹುದು; ತಾಯಿಯನ್ನು ಮಾರಲಾಗದು. ಗುರುವಿನ ವಿಷಯದಲ್ಲಾದರೋ ‘ನನ್ನವನು’ ಎಂದು ಹೇಳುವವನೇ ಆ ಗುರುವಿಗೆ ಸೇರಿದವನು. ಸ್ವಸ್ವಾಮಿಭಾವ, ಅಂದರೆ ಒಡವೆಗೂ ಒಡೆಯನಿಗೂ ಇರುವ ಸಂಬಂಧ, ಷಷ್ಠಿಯ ಅನೇಕ ಅರ್ಥಗಳಲ್ಲಿ ಒಂದು ಮಾತ್ರ. ಈ ಸಣ್ಣ ಭೇದವನ್ನು ಮರೆತಲ್ಲಿ ಲೋಕವ್ಯವಹಾರದಲ್ಲಿ ದೊಡ್ಡ ಅನರ್ಥಗಳು ಹುಟ್ಟುತ್ತವೆ.

ಇಂದಿನ ಕಾಲದಲ್ಲಿ ಈ ಭೇದವು ಎದ್ದು ಕಾಣುವ ಸ್ಥಳವೊಂದಿದೆ. ಅದು ಕಾಲ್ಚೆಂಡಾಟದ ಕ್ರೀಡಾಂಗಣ. ಧನಿಕ ಮನೆತನವೊಂದು ಫುಟ್‌ಬಾಲ್ ತಂಡವೊಂದರ ಒಡೆತನವನ್ನು ಹೊಂದಿರುತ್ತದೆ. ಆ ಮನೆಯ ಯಜಮಾನನು ‘ನಮ್ಮ ತಂಡ’ ಎನ್ನುತ್ತಾನೆ. ಸಾಮಾನ್ಯ ಕಟ್ಟೆಯ ಮೇಲೆ ಕುಳಿತು, ಗಂಟಲು ಬತ್ತುವವರೆಗೆ ಕೂಗುವ ಕೂಲಿಯ ಹುಡುಗನೂ ‘ನಮ್ಮ ತಂಡ’ ಎನ್ನುತ್ತಾನೆ. ಇಬ್ಬರೂ ಸುಳ್ಳಾಡುತ್ತಿಲ್ಲ. ಆದರೆ ಇಬ್ಬರ ಮಾತಿಗೂ ಒಂದೇ ಅರ್ಥವಿಲ್ಲ. ಹಾಗಾದರೆ ತಂಡವು ನಿಜವಾಗಿ ಯಾರದು? ಅನೇಕರ ಪ್ರೀತಿಯಿಂದ ಬದುಕುವ ವಸ್ತುವೊಂದು ಒಂದೇ ಮನೆಯ ಸೊತ್ತಾಗಿರುವುದು ಧರ್ಮಸಮ್ಮತವೇ?

ಕುಮಟೆ, ಹೊನ್ನಾವರ, ಭಟ್ಕಳಗಳ ಗೃಹಸ್ಥರಿಗೆ ಈ ಚರ್ಚೆ ಏತಕ್ಕೆಂದು ಕೆಲವರು ಕೇಳಬಹುದು. ಅಂಗಡಿ, ತೋಟ, ಗಿರಣಿ, ಶಾಲೆ ಇವುಗಳಲ್ಲಿ ಯಾವುದನ್ನಾದರೂ ತಲೆಮಾರಿನಿಂದ ನಡೆಸಿಕೊಂಡು ಬಂದ ಮನೆಗಳು ನಮ್ಮಲ್ಲಿ ಅನೇಕವಾಗಿವೆ. ಅವುಗಳನ್ನು ನಂಬಿ ಬದುಕುವ ನಾಲ್ಕು ಜನರೂ ಇದ್ದಾರೆ. ಆದುದರಿಂದ ದೂರದ ಕ್ರೀಡಾಂಗಣದ ಪ್ರಶ್ನೆಯು ನಮ್ಮ ಪಡಸಾಲೆಯ ಪ್ರಶ್ನೆಯೂ ಆಗಿದೆ.

ಮೊದಲು ನಮ್ಮ ನಾಡಿನ ಸಂಗತಿಯನ್ನೇ ನೋಡೋಣ. ಕನ್ನಡನಾಡಿಗೆ ಕಾಲ್ಚೆಂಡು ಹೊಸತಲ್ಲ. ಬೆಂಗಳೂರು ಮುಸ್ಲಿಮ್ಸ್ ತಂಡವು 1937ರಲ್ಲಿಯೇ ರೋವರ್ಸ್ ಕಪ್ಪನ್ನು ಗೆದ್ದ ಮೊದಲ ಭಾರತೀಯ ತಂಡವೆನಿಸಿತು. ಮುಂದೆ ಹೆಚ್.ಎ.ಎಲ್., ಐ.ಟಿ.ಐ. ಮೊದಲಾದ ಸರ್ಕಾರೀ ಕಾರ್ಖಾನೆಗಳು ತಂಡಗಳನ್ನು ಸಾಕಿದವು. 2013ರಲ್ಲಿ ಜೆ.ಎಸ್.ಡಬ್ಲ್ಯೂ. ಉದ್ಯಮವು ಬೆಂಗಳೂರು ಎಫ್.ಸಿ. ಎಂಬ ತಂಡವನ್ನು ಕಟ್ಟಿತು. ಬಳ್ಳಾರಿಯ ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆಯನ್ನು ನಡೆಸುವ ಸಜ್ಜನ್ ಜಿಂದಾಲರ ಮನೆತನದ್ದು ಆ ಉದ್ಯಮ. ತಂಡದ ಹೊಣೆಯನ್ನು ಹೊತ್ತವರು ಅವರ ಮಗ ಪಾರ್ಥ ಜಿಂದಾಲರು. ತಂಡವು ಮೊದಲ ವರ್ಷದಲ್ಲಿಯೇ ಐ-ಲೀಗ್ ಗೆದ್ದಿತು; 2016ರಲ್ಲಿ ಏಷ್ಯಾದ ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯವನ್ನು ಮುಟ್ಟಿದ ಮೊದಲ ಭಾರತೀಯ ತಂಡವಾಯಿತು. 2019ರಲ್ಲಿ ಇಂಡಿಯನ್ ಸೂಪರ್ ಲೀಗನ್ನೂ ಗೆದ್ದಿತು. ಕಂಠೀರವ ಕ್ರೀಡಾಂಗಣದಲ್ಲಿ ಈ ತಂಡಕ್ಕಾಗಿ ಹಾಡುವ ಅಭಿಮಾನಿಗಳ ಬಳಗವೇ ಬೆಳೆಯಿತು. ಮನೆತನದ ಹಣವಿಲ್ಲದಿದ್ದರೆ ಇದು ಯಾವುದೂ ಆಗುತ್ತಿರಲಿಲ್ಲವೆಂಬುದು ನಿರ್ವಿವಾದ.

ಇಲ್ಲಿ ಮೊದಲನೆಯ ಪೂರ್ವಪಕ್ಷವು ಹುಟ್ಟುತ್ತದೆ. ‘ಹಣ ಹಾಕಿದವನು ಒಡೆಯ, ಒಡೆಯನಿಗೆ ನಡೆಸುವ ಹಕ್ಕಿರುವಂತೆ ನಿಲ್ಲಿಸುವ ಹಕ್ಕೂ ಉಂಟು.’ ನ್ಯಾಯಾಲಯದ ದೃಷ್ಟಿಯಿಂದ ಇದು ಸರಿಯೇ. ಹಾಗೆ ನಡೆದುದೂ ಉಂಟು. ಮುಂಬಯಿಯ ಮಹೀಂದ್ರ ಉದ್ಯಮವು ದಶಕಗಳ ಕಾಲ ಸಾಕಿದ ತನ್ನ ತಂಡವನ್ನು 2010ರಲ್ಲಿ ವಿಸರ್ಜಿಸಿತು. ಪಂಜಾಬಿನ ಫಗ್ವಾಡದ ಜೆ.ಸಿ.ಟಿ. ಗಿರಣಿಯ ತಂಡವು 1997ರಲ್ಲಿ ಮೊಟ್ಟಮೊದಲ ರಾಷ್ಟ್ರೀಯ ಫುಟ್‌ಬಾಲ್ ಲೀಗನ್ನು ಗೆದ್ದಿತ್ತು. ಥಾಪರ್ ಮನೆತನದ ಆ ತಂಡವೂ 2011ರಲ್ಲಿ ಮುಚ್ಚಿತು. ಕಾನೂನನ್ನು ಯಾರೂ ಮೀರಲಿಲ್ಲ. ಆದರೂ ಅದನ್ನು ‘ನಮ್ಮದು’ ಎಂದು ನಂಬಿದ್ದವರಿಗೆ ಏನೋ ಒಂದನ್ನು ಕಳೆದುಕೊಂಡಂತಾಯಿತು. ಆ ‘ಏನೋ’ ಎಂಬುದೇನು?

ಕೆರೆಯ ದೃಷ್ಟಾಂತದಿಂದ ಇದನ್ನು ತಿಳಿಯಬಹುದು. ಒಬ್ಬ ಪುಣ್ಯಾತ್ಮನು ತನ್ನ ಹಣದಿಂದ ಕೆರೆಯನ್ನು ಕಟ್ಟಿಸುತ್ತಾನೆ. ಕಲ್ಲು ಅವನದು, ಕೂಲಿ ಅವನದು, ಏರಿ ಅವನದು. ಆದರೆ ಮಳೆ ಅವನದಲ್ಲ. ಹತ್ತು ವರ್ಷಗಳಲ್ಲಿ ಆ ನೀರನ್ನು ನಂಬಿ ಗದ್ದೆಗಳು ಎದ್ದವು, ಮನೆಗಳು ಎದ್ದವು. ಆಮೇಲೆ ಅವನು ‘ನಾನು ಕಟ್ಟಿಸಿದ ಕೆರೆಯನ್ನು ನಾನೇ ಒಡೆಯುತ್ತೇನೆ’ ಎಂದರೆ ಅದು ಸ್ವಾತಂತ್ರ್ಯವಾಗುವುದೇ? ನಮ್ಮ ನಾಡಿನ ಪ್ರಾಚೀನ ಶಾಸನಗಳ ಕೊನೆಯಲ್ಲಿ ಬರುವ ಶಾಪವಾಕ್ಯಗಳು ಪರರು ಕೊಟ್ಟುದನ್ನು ಕಸಿಯುವವನನ್ನು ಮಾತ್ರ ಖಂಡಿಸುವುದಿಲ್ಲ. ತಾನೇ ಕೊಟ್ಟುದನ್ನು ಹಿಂದಕ್ಕೆ ಸೆಳೆದುಕೊಳ್ಳುವವನನ್ನೂ ಅದೇ ಉಸಿರಿನಲ್ಲಿ ಖಂಡಿಸುತ್ತವೆ. ಹಿರಿಯರ ಈ ಸೂಕ್ಷ್ಮವು ವಿಚಾರಾರ್ಹವಾಗಿದೆ. ಕೊಡುವ ಮುನ್ನ ಅದು ನನ್ನದು. ಕೊಟ್ಟ ಮೇಲೆ, ಪರರ ಬಾಳು ಅದರಲ್ಲಿ ಬೇರುಬಿಟ್ಟ ಮೇಲೆ, ನನ್ನದೆಂಬ ಮಾತಿನ ಅರ್ಥವೇ ಬೇರೆಯಾಯಿತು. ಕಾಲ್ಚೆಂಡಿನ ತಂಡದಲ್ಲಿ ಧನಿಕನು ಕೊಂಡುದು ಸಂಬಳವನ್ನು, ಉಡುಪನ್ನು, ಮೈದಾನದ ಬಾಡಿಗೆಯನ್ನು. ತಂಡಕ್ಕೆ ಬೆಲೆ ತಂದ ಜನರ ಪ್ರೀತಿಯನ್ನು ಅವನು ಕೊಳ್ಳಲಿಲ್ಲ. ಅದು ಮಳೆಯಂತೆ ಬಂದು ತುಂಬಿತು.

ಈಗ ಎರಡನೆಯ ಪೂರ್ವಪಕ್ಷ. ‘ಹಾಗಿದ್ದರೆ ಮನೆತನಗಳ ಒಡೆತನವೇ ಬೇಡ, ಜನರೇ ಒಡೆಯರಾಗಲಿ.’ ಇದೂ ನಡೆದು ನೋಡಿದ ಮಾರ್ಗವೇ. ಸ್ಪೇನ್ ದೇಶದ ಬಾರ್ಸಿಲೋನಾ ತಂಡವು ಅದರ ಸದಸ್ಯರದೇ. ಅಧ್ಯಕ್ಷನನ್ನು ಅವರೇ ಆರಿಸುತ್ತಾರೆ. ಆದರೂ ಆ ತಂಡದ ಸಾಲವು ನೂರು ಕೋಟಿ ಯೂರೋಗಳನ್ನು ಮೀರಿದೆಯೆಂಬುದು 2021ರಲ್ಲಿ ಬಯಲಾಯಿತು. ಅದೇ ವರ್ಷ ಲಯೊನೆಲ್ ಮೆಸ್ಸಿಯಂತಹ ಆಟಗಾರನನ್ನು ಅದು ಉಳಿಸಿಕೊಳ್ಳಲಾರದೆ ಹೋಯಿತು. ಜರ್ಮನಿಯಲ್ಲಿ ಮತದ ಹೆಚ್ಚಿನ ಪಾಲು ಸಂಘದ ಸದಸ್ಯರಲ್ಲಿಯೇ ಇರಬೇಕೆಂಬ ನಿಯಮವು 1998ರಿಂದ ಇದೆ. ಅದು ಬಹುಮಟ್ಟಿಗೆ ಒಳ್ಳೆಯದನ್ನೇ ಮಾಡಿದೆಯಾದರೂ ಅಲ್ಲಿಯೂ ಕೆಲವು ತಂಡಗಳಿಗೆ ವಿನಾಯಿತಿಯನ್ನು ಕೊಡಬೇಕಾಯಿತು. ಅತ್ತ ಇಟಲಿಯ ಯುವೆಂಟಸ್ ತಂಡವು 1923ರಿಂದ ಅಗ್ನೆಲ್ಲಿ ಮನೆತನದೊಡನೆ ಬೆಳೆದುಬಂದಿದೆ. ಅಷ್ಟು ದೀರ್ಘವಾದ ನಿಷ್ಠೆ ಸಾಮಾನ್ಯವಲ್ಲ. ಆದರೆ ಆ ತಂಡವೂ 2006ರಲ್ಲಿ ಪಂದ್ಯಗಳ ತೀರ್ಪುಗಾರರ ನೇಮಕದ ಹಗರಣದಿಂದ ಕೆಳದರ್ಜೆಗೆ ಇಳಿಯಿತು. 2022ರಲ್ಲಿ ಲೆಕ್ಕಪತ್ರಗಳ ತನಿಖೆಯು ನಡೆದಿರುವಾಗ ಅಧ್ಯಕ್ಷರಾಗಿದ್ದ ಆಂದ್ರೆಯಾ ಅಗ್ನೆಲ್ಲಿಯವರು ಆಡಳಿತ ಮಂಡಲಿಯ ಸಮೇತ ರಾಜೀನಾಮೆ ಕೊಡಬೇಕಾಯಿತು. ಇದರಿಂದ ಸಿದ್ಧವಾಗುವುದೇನೆಂದರೆ, ಕೈಗಳು ಹಲವಾದ ಮಾತ್ರಕ್ಕೆ ಶುದ್ಧಿಯಿಲ್ಲ, ಕೈ ಒಂದಾದ ಮಾತ್ರಕ್ಕೆ ಕೇಡೂ ಇಲ್ಲ. ‘ಯಾರು ಹಿಡಿದಿದ್ದಾರೆ’ ಎಂಬುದಕ್ಕಿಂತ ‘ಹೇಗೆ ಹಿಡಿದಿದ್ದಾರೆ’ ಎಂಬುದೇ ಮುಖ್ಯವಾದ ಪ್ರಶ್ನೆ.

ಹೇಗೆ ಹಿಡಿಯಬೇಕೆಂಬುದಕ್ಕೆ ಶರಣರ ಬಾಳಿನಲ್ಲಿಯೇ ದಾರಿಯುಂಟು. ಬಸವಣ್ಣನವರು ಬಿಜ್ಜಳನ ಭಂಡಾರಿಗಳಾಗಿದ್ದರು. ಬೀಗದ ಕೈ ಅವರ ಸೊಂಟದಲ್ಲಿತ್ತು. ಆದರೆ ಭಂಡಾರವು ಅವರದಾಗಿರಲಿಲ್ಲ. ದೂರು ಬಂದು ಭಂಡಾರವನ್ನು ತೆರೆಸಿ ಎಣಿಸಿದಾಗ ಲೆಕ್ಕವು ಸರಿಯಾಗಿಯೇ ಇತ್ತೆಂದು ಪುರಾಣಗಳು ಹೇಳುತ್ತವೆ. ಆಯ್ದಕ್ಕಿ ಮಾರಯ್ಯನು ದಿನದ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನು ಅದನ್ನು ಮರಳಿ ಚೆಲ್ಲಿಬರುವಂತೆ ಹೇಳಿದ ಕಥೆಯನ್ನು ನಮ್ಮ ಮಕ್ಕಳೂ ಬಲ್ಲರು. ಇವೆರಡರಿಂದ ತಿಳಿಯುವ ತತ್ತ್ವವು ಒಂದೇ: ಕೈಯಲ್ಲಿರುವುದೆಲ್ಲವೂ ಕೈಯವನದಲ್ಲ. ಸಂಪತ್ತು ನ್ಯಾಸ, ಹಿಡಿದವನು ನ್ಯಾಸಧಾರಿ. ದಾಸೋಹವೆಂದರೆ ಕೊಡುವ ಕ್ರಿಯೆಯಷ್ಟೇ ಅಲ್ಲ, ಒಡೆಯನೆಂಬ ಭಾವವನ್ನು ಸೇವಕನೆಂಬ ಭಾವಕ್ಕೆ ತಿರುಗಿಸುವ ಸಾಧನೆ.

ಈ ತತ್ತ್ವದಿಂದ ಮೂರು ಪರೀಕ್ಷೆಗಳು ಹೊರಡುತ್ತವೆ.

ಮೊದಲನೆಯದು ಭಾರದ ಪರೀಕ್ಷೆ. ಒಡೆಯನು ವಸ್ತುವಿನ ಭಾರವನ್ನು ಹೊರುತ್ತಾನೋ, ತನ್ನ ಭಾರವನ್ನು ವಸ್ತುವಿನ ಮೇಲೆ ಹೊರಿಸುತ್ತಾನೋ? 2005ರಲ್ಲಿ ಅಮೆರಿಕದ ಗ್ಲೇಜರ್ ಮನೆತನವು ಇಂಗ್ಲೆಂಡಿನ ಮ್ಯಾಂಚೆಸ್ಟರ್ ಯುನೈಟೆಡ್ ತಂಡವನ್ನು ಸುಮಾರು 79 ಕೋಟಿ ಪೌಂಡುಗಳಿಗೆ ಕೊಂಡಿತು. ಅದರ ಬಹುಪಾಲು ಸಾಲದ ಹಣ. ಆ ಸಾಲದ ದೊಡ್ಡ ಭಾಗವು ತಂಡದ ಮೇಲೆಯೇ ಬಿದ್ದಿತು. ಕುದುರೆಯನ್ನು ಕೊಳ್ಳಲು ಮಾಡಿದ ಸಾಲವನ್ನು ಕುದುರೆಯ ಬೆನ್ನಿಗೇ ಕಟ್ಟಿದಂತೆ! ಅಭಿಮಾನಿಗಳು ಮುಂದೆ ತಂಡದ ಹಳೆಯ ಹಸಿರು ಹೊಂಬಣ್ಣದ ವಸ್ತ್ರವನ್ನು ಕೊರಳಿಗೆ ಸುತ್ತಿಕೊಂಡು ಪ್ರತಿಭಟಿಸಿದುದರಲ್ಲಿ ಆಶ್ಚರ್ಯವಿಲ್ಲ.

ಎರಡನೆಯದು ಕಾಯಕದ ಪರೀಕ್ಷೆ. ಕಷ್ಟಕಾಲ ಬಂದಾಗ ಮೊದಲು ನಿಲ್ಲುವುದು ಯಾವುದು? 2025ರ ಆಗಸ್ಟಿನಲ್ಲಿ, ಲೀಗು ನಡೆಯುವುದೋ ಇಲ್ಲವೋ ಎಂಬ ಅನಿಶ್ಚಯವನ್ನು ಕಾರಣವಾಗಿ ತಿಳಿಸಿ, ಬೆಂಗಳೂರು ಎಫ್.ಸಿ.ಯು ಹಿರಿಯ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ತಡೆಹಿಡಿಯುವುದಾಗಿ ಪ್ರಕಟಿಸಿತು. ಕಿರಿಯರ ತಂಡಗಳೂ ಮಕ್ಕಳ ಶಾಲೆಗಳೂ ನಡೆಯುವುವೆಂದು ಸಹ ಹೇಳಿತು. ಮನೆತನದ ಪಕ್ಷದಲ್ಲಿ ಹೇಳತಕ್ಕ ಮಾತುಂಟು. ಲೀಗನ್ನು ನಿಲ್ಲಿಸಿದುದು ಅವರಲ್ಲ. ನಮ್ಮ ದೇಶದಲ್ಲಿ ಕಾಲ್ಚೆಂಡು ಲಾಭದ ವ್ಯಾಪಾರವೂ ಅಲ್ಲ. ವರ್ಷವರ್ಷವೂ ನಷ್ಟವನ್ನು ತುಂಬಿದವರು ಅವರೇ. ಬಾಲಕರನ್ನು ಕೈಬಿಡದಿದ್ದುದೂ ಶ್ಲಾಘ್ಯವೇ. ಆದರೂ ಬಟ್ಟೆ ಒಗೆಯುವವನ, ಹುಲ್ಲು ಕತ್ತರಿಸುವವನ, ಗಾಯಕ್ಕೆ ಪಟ್ಟಿ ಕಟ್ಟುವವನ ದೃಷ್ಟಿಯಿಂದ ನೋಡಿದರೆ ಪ್ರಶ್ನೆಯು ಉಳಿಯುತ್ತದೆ. ಲೀಗಿನ ಅನಿಶ್ಚಯವು ಅವನು ತಂದುದೂ ಅಲ್ಲ. ಅದನ್ನು ತಡೆದುಕೊಳ್ಳುವ ಶಕ್ತಿಯು ಅತ್ಯಲ್ಪವಾಗಿರುವುದೂ ಅವನಲ್ಲಿಯೇ. ಬಿರುಗಾಳಿ ಬಂದಾಗ ದೊಡ್ಡ ಮರವು ಮೊದಲು ಅದನ್ನು ತಡೆಯಬೇಕೆಂಬುದು ದಾಸೋಹದ ನ್ಯಾಯ. ಕಾಯಕ ಮಾಡಿದವನ ಕೂಲಿಯು ಒಡೆಯನ ಔದಾರ್ಯವಲ್ಲ, ಒಡೆಯನ ಋಣ.

ಮೂರನೆಯದು ಉತ್ತರಾಧಿಕಾರದ ಪರೀಕ್ಷೆ. ಇದಕ್ಕೆ ದೂರ ಹೋಗಬೇಕಾಗಿಲ್ಲ. ಹೊನ್ನಾವರ ತಾಲೂಕಿನಲ್ಲಿಯೇ ಉದಾಹರಣೆಯಿದೆ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿಯನ್ನು ಕಟ್ಟಿದರು. ಮೇಳವೂ ಒಂದು ತಂಡವೇ; ಅಲ್ಲಿಯೂ ಯಜಮಾನ, ಸಂಬಳ, ಸಂಚಾರ, ಅಭಿಮಾನಿಗಳು, ನಷ್ಟ, ಎಲ್ಲವೂ ಉಂಟು. ಶಿವರಾಮ ಹೆಗಡೆಯವರ ತರುವಾಯ ಮಗ ಶಂಭು ಹೆಗಡೆಯವರು, ಅವರ ತರುವಾಯ ಮೊಮ್ಮಗ ಶಿವಾನಂದ ಹೆಗಡೆಯವರು ಅದನ್ನು ನಡೆಸಿದ್ದಾರೆ. ಒಂದೇ ಮನೆತನ, ಮೂರು ತಲೆಮಾರು. ಆದರೆ ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಯಜಮಾನಿಕೆಯನ್ನು ಪಡೆದ ಪ್ರತಿಯೊಬ್ಬರೂ ತಾವೇ ಗೆಜ್ಜೆ ಕಟ್ಟಿದರು. 2009ರಲ್ಲಿ ಶಂಭು ಹೆಗಡೆಯವರು ಇಡಗುಂಜಿಯಲ್ಲಿ ವೇಷ ಧರಿಸಿದ ದಿನವೇ ದೇಹವನ್ನು ಬಿಟ್ಟರು. 1986ರಲ್ಲಿ ಗುಣವಂತೆಯಲ್ಲಿ ಶ್ರೀಮಯ ಶಿಕ್ಷಣ ಕೇಂದ್ರವನ್ನು ತೆರೆದು, ತಮ್ಮ ಮನೆಯಲ್ಲದ ಮನೆಗಳ ಮಕ್ಕಳಿಗೂ ವಿದ್ಯೆಯನ್ನು ಹಂಚಿದರು. ಇಲ್ಲಿ ದಾಯವಾಗಿ ಬಂದುದು ಹಕ್ಕಿಗಿಂತ ಹೆಚ್ಚಾಗಿ ಹೊರೆ. ಇದಕ್ಕೆ ವಿರುದ್ಧವಾದುದನ್ನೂ ನೋಡಿದ್ದೇವೆ. ಪುಣೆಯ ಕೋಳಿ ಉದ್ಯಮದ ರಾವ್ ಮನೆತನವು 2010ರ ನವೆಂಬರಿನಲ್ಲಿ ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್ ರೋವರ್ಸ್ ತಂಡವನ್ನು ಕೊಂಡಿತು. ಮರುತಿಂಗಳೇ ಅನುಭವಿಯಾದ ತರಬೇತುದಾರನನ್ನು ತೆಗೆಯಿತು. 2012ರಲ್ಲಿ ತಂಡವು ಕೆಳದರ್ಜೆಗೆ ಜಾರಿತು. ಹಣದ ಕೊರತೆಯೆಂದು ಹೇಳುವಂತಿಲ್ಲ. ಆ ಮನೆತನವು ಮುಂದೆಯೂ ಬಹಳ ಹಣವನ್ನು ಸುರಿದಿದೆ. ಕೊರತೆಯಾದುದು ಆ ಕಾಯಕದ ಪರಿಚಯ. ಗೆಜ್ಜೆಯ ಭಾರವನ್ನು ಅರಿಯದವನು ಮೇಳವನ್ನು ಕೊಳ್ಳಬಲ್ಲನು, ನಡೆಸಲಾರನು.

ಇಷ್ಟಾದರೂ ಕಠಿಣವಾದ ಪ್ರಶ್ನೆಯೊಂದು ಉಳಿದಿದೆ. ನಷ್ಟವು ತಾಳಲಾರದಷ್ಟಾದರೆ ಮನೆತನವು ತಂಡಕ್ಕಾಗಿ ತಾನೇ ಮುಳುಗಬೇಕೇ? ಹೆಂಡತಿ ಮಕ್ಕಳನ್ನು ಬೀದಿಗೆ ತಂದು ಊರಿನ ಆಟವನ್ನು ನಡೆಸೆಂದು ಯಾವ ಧರ್ಮವೂ ವಿಧಿಸುವುದಿಲ್ಲ. ದಾಸೋಹವು ಆತ್ಮನಾಶವಲ್ಲ. ಆದರೆ ಬಿಡುವುದಕ್ಕೂ ಒಂದು ಧರ್ಮವುಂಟು. ಮುಂಚಿತವಾಗಿ ತಿಳಿಸುವುದು, ದುಡಿದವರ ಬಾಕಿಯನ್ನು ಕೊನೆಯ ಕಾಸಿನವರೆಗೆ ತೀರಿಸುವುದು, ನಡೆಸಬಲ್ಲ ಬೇರೆ ಕೈಗಳು ಇವೆಯೇ ಎಂದು ಹುಡುಕುವುದು, ಹೆಸರನ್ನೂ ಬಣ್ಣವನ್ನೂ ನೆನಪನ್ನೂ ಆ ಕೈಗಳಿಗೆ ಬೆಲೆ ಕಟ್ಟದೆ ಒಪ್ಪಿಸುವುದು. ಏರಿ ನಿಲ್ಲಲಾರದೆಂದು ತಿಳಿದವನು ಅದು ಒಡೆಯುವ ಮುನ್ನ ಕಾಲುವೆ ತೋಡಿ ನೀರನ್ನು ಮುಂದಿನ ಕೆರೆಗೆ ಹಾಯಿಸುತ್ತಾನೆ. ಹಾಗೆ ಬಿಟ್ಟವನನ್ನು ಊರು ಶಪಿಸುವುದಿಲ್ಲ.

ಸದ್ಭಕ್ತರಾದ ಗೃಹಸ್ಥರು ಈ ಮೂರು ಪರೀಕ್ಷೆಗಳನ್ನು ತಮ್ಮ ಮನೆಯ ಮಟ್ಟಿಗೆ ಹಚ್ಚಿ ನೋಡಬೇಕು. ನಮ್ಮ ಸಾಲವನ್ನು ನಾವು ಯಾರ ಬೆನ್ನಿಗೆ ಕಟ್ಟಿದ್ದೇವೆ? ಮೀನು ಬಾರದ, ಅಡಕೆಗೆ ಬೆಲೆಯಿಲ್ಲದ ವರ್ಷದಲ್ಲಿ ಮೊದಲು ನಿಂತುದು ನಮ್ಮ ಹಬ್ಬದ ಖರ್ಚೋ, ಆಳಿನ ಕೂಲಿಯೋ? ಮಗನಿಗೆ ಅಂಗಡಿಯ ಬೀಗದ ಕೈಯನ್ನು ಕೊಡುವ ಮುನ್ನ ತಕ್ಕಡಿಯನ್ನು ಹಿಡಿಯಲು ಕಲಿಸಿದ್ದೇವೆಯೇ? ಇವಕ್ಕೆ ಉತ್ತರವನ್ನು ನ್ಯಾಯಾಲಯವು ಕೇಳುವುದಿಲ್ಲ; ಅಂತಃಸಾಕ್ಷಿಯು ಕೇಳುತ್ತದೆ.

ಯಜಮಾನನೂ ಕೂಲಿಯ ಹುಡುಗನೂ ‘ನಮ್ಮ ತಂಡ’ ಎನ್ನುವುದು ತಪ್ಪಲ್ಲವೆಂದೆವು. ಹುಡುಗನ ‘ನಮ್ಮ’ ಎಂಬುದರಲ್ಲಿ ಅವನು ತಂಡಕ್ಕೆ ಸೇರಿದ್ದಾನೆ. ಯಜಮಾನನ ‘ನಮ್ಮ’ ಎಂಬುದರಲ್ಲಿಯೂ ಅದೇ ಅರ್ಥವು ಕೂಡಿಕೊಂಡ ದಿನ, ತಂಡವು ತನ್ನದೆಂಬುದಕ್ಕಿಂತ ತಾನು ತಂಡದವನೆಂದು ಅವನು ಅರಿತ ದಿನ, ಒಡೆತನವು ದೋಷವನ್ನು ಕಳೆದುಕೊಂಡು ಸೇವೆಯಾಗುತ್ತದೆ. ಅಂತಹ ಒಡೆತನವು ಮನೆಮನೆಗಳಲ್ಲಿ ನೆಲೆಗೊಳ್ಳಲಿ.