ನಾಮವೂ ರೂಪವೂ

ಬಾಲ್ಯದಲ್ಲಿ ಕಂಡಿದ್ದ ದೇವದತ್ತನನ್ನು ತಲೆ ನರೆತ ಮೇಲೆ ಮತ್ತೆ ಕಂಡವನು "ಆ ದೇವದತ್ತನೇ ಈತನು" ಎನ್ನುತ್ತಾನೆ. ದೇಹವು ಬೇರೆಯಾಯಿತು, ಧ್ವನಿಯು ಬೇರೆಯಾಯಿತು. ಆದರೂ ಮಾತು ಸುಳ್ಳಲ್ಲ. ಹಾಗಾದರೆ ಎಷ್ಟು ಮಾರ್ಪಟ್ಟರೂ ವಸ್ತುವಿಗೆ ಹಳೆಯ ಹೆಸರು ಸಲ್ಲುವುದೆ? ಸಲ್ಲದ ಮೇರೆ ಯಾವುದು? ಇದು ಬರಿಯ ತರ್ಕದ ಪ್ರಶ್ನೆಯಲ್ಲ. ಹೆಸರಿನಿಂದ ಲಾಭವು ದೊರೆಯುವಲ್ಲಿ ಇದು ಧರ್ಮದ ಪ್ರಶ್ನೆಯೂ ಆಗುತ್ತದೆ. ಇಟಲಿಯ ಪಂದ್ಯದ ಮೋಟಾರುಗಳ ಚರಿತ್ರೆಯಲ್ಲಿ ಇದಕ್ಕೊಂದು ಒಳ್ಳೆಯ ನಿದರ್ಶನವಿದೆ.

ಮಾರನೆಲ್ಲೊ ಎಂಬ ಊರಿನಲ್ಲಿರುವ ಎಂಜೊ ಫೆರಾರಿಯ ಕಾರ್ಖಾನೆಯಲ್ಲಿ ‘250’ ಎಂಬ ಹೆಸರಿನ ವಾಹನಗಳ ವಂಶವೊಂದು ಬೆಳೆಯಿತು. ಯಂತ್ರದ ಹನ್ನೆರಡು ಸಿಲಿಂಡರುಗಳಲ್ಲಿ ಒಂದೊಂದರ ಅಳತೆ ಸುಮಾರು 250 ಘನ ಸೆಂಟಿಮೀಟರು; ಹೆಸರಿನ ಅರ್ಥವು ಅದೇ. 1959ರಲ್ಲಿ ಹೊರಬಂದ, ಗಾಲಿಗಳ ನಡುವಣ ಅಂತರವನ್ನು ಕುಗ್ಗಿಸಿದ ‘250 ಜಿ.ಟಿ.’ಯು ಗೆಲವುಗಳನ್ನು ಪಡೆಯಿತಾದರೂ, ಅದರ ಮೊಂಡುಮೂತಿಗೆ ಅತಿವೇಗದಲ್ಲಿ ಗಾಳಿಯೇ ಶತ್ರುವಾಯಿತು. 1961ರಲ್ಲಿ ಜೊತ್ತೊ ಬಿಟ್ಜಾರಿನಿ ಎಂಬ ಯಂತ್ರಶಿಲ್ಪಿಯು ಯಂತ್ರವನ್ನು ಹಿಂದಕ್ಕೂ ಕೆಳಕ್ಕೂ ಸರಿಸಿ ಮೂತಿಯನ್ನು ತಗ್ಗಿಸಿದನು. ಆ ವರ್ಷದ ಕೊನೆಯಲ್ಲಿ ಒಡೆಯನೊಡನೆ ವಿರಸವುಂಟಾಗಿ ಆತನೂ ಬೇರೆ ಕೆಲವು ಪ್ರಮುಖರೂ ಕಾರ್ಖಾನೆಯನ್ನು ಬಿಟ್ಟರು. ಉಳಿದ ಕೆಲಸವು ತರುಣನಾದ ಮೌರೊ ಫೋರ್ಗಿಯೆರಿಯ ಪಾಲಿಗೆ ಬಂದಿತು. ಮೋಡೆನದಲ್ಲಿ ಸೆರ್ಜೊ ಸ್ಕಾಲ್ಯೆಟ್ಟಿಯ ಶಿಲ್ಪಶಾಲೆಯವರು ಅಲ್ಯುಮಿನಿಯಂ ತಗಡನ್ನು ಕೈಯಿಂದ ಬಡಿದು ಅದಕ್ಕೆ ಮೈಯನ್ನು ಕೊಟ್ಟರು. ವೇಗದಲ್ಲಿ ಹಿಂಭಾಗವು ಮೇಲೇಳದಂತೆ ಬಾಲಕ್ಕೆ ಒಂದು ಅಂಚನ್ನು ಮೊದಲು ಬೇರೆಯಾಗಿಯೇ ಬಿಗಿದರು. ಬಳಿಕ ಅದು ಮೈಯಲ್ಲಿ ಒಂದಾಯಿತು. ಗಾಳಿಯ ತಡೆಯನ್ನು ಗೆಲ್ಲಲು ಹೊರಟ ಕೆಲಸವು ಚೆಲುವನ್ನೂ ಗೆದ್ದಿತು.

1962ರಲ್ಲಿ ಬಂದ ಈ ವಾಹನದ ಹೆಸರು ‘250 ಜಿ.ಟಿ.ಓ.’. ಕಡೆಯ ಅಕ್ಷರವು ‘ಒಮೊಲೊಗಾತೊ’, ಎಂದರೆ ಅಂಗೀಕೃತ. ಆ ವರ್ಗದ ಪಂದ್ಯಗಳು ಜನರು ಕೊಂಡು ದಾರಿಯಲ್ಲಿ ನಡೆಸಬಹುದಾದ ವಾಹನಗಳಿಗೆ ಮೀಸಲಾಗಿದ್ದುವು. ಆದಕಾರಣ ಒಂದು ಜಾತಿಯವು 100 ಆದರೂ ನಿರ್ಮಾಣವಾಗಬೇಕೆಂಬ ನಿಯಮವಿದ್ದಿತು. ಮೂರು ಲೀಟರಿನ ಯಂತ್ರವುಳ್ಳ ಜಿ.ಟಿ.ಓ.ಗಳು ಆದುದು ಒಟ್ಟು 36 ಮಾತ್ರ. ಇದು ಹೊಸದಲ್ಲ, ಹಳೆಯ 250 ಜಿ.ಟಿ.ಯ ಮಾರ್ಪಾಡು ಎಂಬ ವಾದವನ್ನು ಅಂತರರಾಷ್ಟ್ರೀಯ ಮಂಡಲಿಯು ಒಪ್ಪಿತು. 1962ರಿಂದ 1964ರವರೆಗೆ ಮೂರು ವರ್ಷವೂ ಆ ವರ್ಗದ ಪ್ರಶಸ್ತಿಯು ಇದಕ್ಕೇ ಸಂದಿತು.

ಆ ವಾದವು ಸುಳ್ಳೆ? ಯಂತ್ರವು ಹಳೆಯ ವಂಶದ್ದೇ. ಗಾಲಿಗಳ ಅಂತರವೂ ಮೊದಲಿನಂತೆ 2400 ಮಿಲಿಮೀಟರೇ. ಆದರೆ ತಂದೆಯನ್ನು ಹೋಲುವ ಮಗನು ತಂದೆಯೇ ಆಗನಷ್ಟೆ. ನಿಯಮದ ಅಕ್ಷರವು ಉಳಿಯಿತು; ಆಶಯವು ಉಳಿಯಿತೆಂದು ಹೇಳುವುದು ಕಷ್ಟ.

ಒಮ್ಮೆ ಫಲಿಸಿದ ವಾದವನ್ನು ಮನುಷ್ಯನು ಬಿಡಲಾರನು. 1963ರಲ್ಲಿ ತೋರಿಸಿದ ‘250 ಎಲ್.ಎಂ.’ನಲ್ಲಿ ಯಂತ್ರವು ಸಾರಥಿಯ ಬೆನ್ನ ಹಿಂದಕ್ಕೆ ಹೋಗಿದ್ದಿತು. ಮೊದಲನೆಯದರ ಹೊರತು ಉಳಿದವುಗಳ ಯಂತ್ರ 3.3 ಲೀಟರಿನದು, ಲೆಕ್ಕದಂತೆ ಅವುಗಳ ಹೆಸರು ‘275’ ಆಗಬೇಕಾಗಿದ್ದಿತು. ಆದರೂ ಇದು ಹಳೆಯದೇ ಎನಿಸುವುದಕ್ಕಾಗಿ ‘250’ ಎಂಬ ಹೆಸರನ್ನೇ ಉಳಿಸಿದರು. 1964ರಲ್ಲಿ ಮಂಡಲಿಯು ಒಪ್ಪಲಿಲ್ಲ. ಮುನಿದ ಫೆರಾರಿಯು ಆ ವರ್ಷದ ಕಡೆಯ ಎರಡು ಗ್ರಾಂ ಪ್ರೀ ಪಂದ್ಯಗಳಲ್ಲಿ ಇಟಲಿಯ ಕೆಂಪು ಬಣ್ಣವನ್ನೇ ತೊರೆದು, ತನ್ನ ವಾಹನಗಳನ್ನು ಅಮೆರಿಕದ ಬಿಳಿ-ನೀಲಿಯಲ್ಲಿ ಓಡಿಸಿದನು. ಆದರೆ ಮುಂದಿನದನ್ನು ನೋಡಬೇಕು. 1965ರಲ್ಲಿ ಫ್ರಾನ್ಸಿನ ಲೆ ಮಾನ್ ಪಟ್ಟಣದ 24 ಗಂಟೆಗಳ ಪಂದ್ಯದಲ್ಲಿ, ಪಂದ್ಯಕ್ಕೆಂದೇ ಕಟ್ಟಿದ ವಾಹನಗಳ ಸಾಲಿನಲ್ಲಿ ನಿಂತು, ಈ ಎಲ್.ಎಂ. ಎಲ್ಲಕ್ಕೂ ಮೊದಲನೆಯದಾಗಿ ಬಂದಿತು. ತನ್ನದಲ್ಲದ ವರ್ಗವನ್ನು ಬೇಡಿ ನಿರಾಶೆಗೊಂಡುದು ತನ್ನ ನಿಜವಾದ ವರ್ಗದಲ್ಲಿ ನಿಂತು ಗೆದ್ದಿತು.

ಇದರಿಂದ ಮೊದಲಿನ ಪ್ರಶ್ನೆಗೆ ಉತ್ತರವು ಹೊಳೆಯದಿರದು. ರೂಪವು ಬದಲಾಗುವುದು ದೋಷವಲ್ಲ, ಬೆಳೆಯುವುದೆಲ್ಲವೂ ಬದಲಾಗುತ್ತದೆ. ಗುರುತಿಗಾಗಿ ಹಳೆಯ ಹೆಸರನ್ನು ಉಳಿಸಿಕೊಂಡರೂ ದೋಷವಿಲ್ಲ. ಆ ಹೆಸರಿನಿಂದ ಸಲ್ಲದ ಹಕ್ಕನ್ನು ಪಡೆಯಹೊರಟಲ್ಲಿ ದೋಷವು ಹುಟ್ಟುತ್ತದೆ. ಪ್ರಾಯಕ್ಕೆ ಬಂದ ದೇವದತ್ತನು ಬಾಲಕರ ಓಟದ ಸಾಲಿನಲ್ಲಿ ನಿಂತು "ನಾನು ಆ ದೇವದತ್ತನೇ" ಎಂದರೆ ಮಾತು ದಿಟ, ನಡತೆ ಸುಳ್ಳು. ದಿಟವಾದ ಮಾತಿನಿಂದಲೂ ಅಸತ್ಯವನ್ನು ಆಡಬಹುದೆಂಬುದನ್ನು ಮರೆಯದಿರುವುದೇ ಸತ್ಯವಂತಿಕೆಯ ಮೊದಲನೆಯ ಪಾಠ.