ಅಟ್ಟ ಸೇರಿದ ಕಡತ

ಬೆಂಗಳೂರಿನ ದೊಡ್ಡ ಕಚೇರಿಯೊಂದರಲ್ಲಿ ಕಂಪ್ಯೂಟರುಗಳ ಕೆಲಸ ಮಾಡುವ ನನ್ನ ತಂಗಿಯ ಮಗಳು ಯುಗಾದಿಗೆ ಶ್ರೀರಂಗಪಟ್ಟಣಕ್ಕೆ ಬಂದಿದ್ದಳು. ಒಬ್ಬಟ್ಟಿನ ಊಟ ಮುಗಿಸಿ ಜಗುಲಿಯ ಮೇಲೆ ಕುಳಿತಿದ್ದಾಗ, ‘ನಿನ್ನ ಕೆಲಸವಾದರೂ ಏನಮ್ಮ?’ ಎಂದು ಕೇಳಿದೆ. ‘ಯಾವುದು ಕೈಗೆ ಸಿಗುವಂತಿರಬೇಕು, ಯಾವುದು ಅಟ್ಟಕ್ಕೆ ಹೋಗಬೇಕು ಎಂದು ನೋಡಿಕೊಳ್ಳುವುದು ಮಾವ’ ಎಂದಳು. ನಾನು ನಕ್ಕೆ. ಅಟ್ಟದ ಮಾತು ಬಂದರೆ ನನಗೆ ಅಷ್ಟು ಸುಲಭವಾಗಿ ನಗು ಬರತಕ್ಕದ್ದಲ್ಲ. ಅದಕ್ಕೆ ಕಾರಣವನ್ನು ಆಮೇಲೆ ಹೇಳುತ್ತೇನೆ.

ಅವಳು ವಿವರಿಸಿದ್ದನ್ನು ನನಗೆ ತಿಳಿದಷ್ಟು ಹೇಳುವೆ. ಕಂಪ್ಯೂಟರಿನಲ್ಲಿ ಬರಹ, ಲೆಕ್ಕ, ಚಿತ್ರ ಎಲ್ಲವೂ ಕಡತಗಳಾಗಿ ಇರುತ್ತವೆ. ಕಡತಗಳು ಕೋಶಗಳಲ್ಲಿ, ಆ ಕೋಶಗಳು ಅವಕ್ಕಿಂತ ದೊಡ್ಡ ಕೋಶಗಳಲ್ಲಿ, ಹೀಗೆ ಹೋಗಿ ಎಲ್ಲಕ್ಕೂ ಮೇಲೆ ಒಂದು ಬೇರು. ಬೇರು ಮೇಲೆ, ಕೊಂಬೆ ಕೆಳಗೆ; ಗೀತೆಯ ಹದಿನೈದನೆಯ ಅಧ್ಯಾಯದ ಅಶ್ವತ್ಥವನ್ನು ಬಲ್ಲವರಿಗೆ ಇದು ಹೊಸ ಚಿತ್ರವೇನಲ್ಲ. ಆದರೆ ಇದು ಹೆಸರುಗಳ ಜೋಡಣೆ ಮಾತ್ರ. ವಸ್ತು ನಿಜವಾಗಿ ಎಲ್ಲಿ ಕುಳಿತಿದೆ ಎಂಬ ಏರ್ಪಾಡು ಬೇರೆ. ಬಲು ವೇಗದ ಸಂಗ್ರಹಕ್ಕೆ ಬೆಲೆ ಹೆಚ್ಚು, ಆದ್ದರಿಂದ ಅದು ಸ್ವಲ್ಪವೇ ಇರುತ್ತದೆ. ಅದರ ಕೆಳಗೆ ಗಿರಗಿರನೆ ತಿರುಗುವ ಡಿಸ್ಕು. ಎಲ್ಲಕ್ಕೂ ಕೆಳಗೆ ಅಗ್ಗದ, ನಿಧಾನದ ಟೇಪು. ಬಹುಕಾಲ ಯಾರೂ ಮುಟ್ಟದ ಕಡತವನ್ನು ಯಂತ್ರವೇ ಗುರುತಿಸಿ ಕೆಳಗಿನ ಅಂತಸ್ತಿಗೆ ಕಳುಹಿಸುತ್ತದೆ. ಇದೂ ನಿನ್ನೆ ಮೊನ್ನೆಯದಲ್ಲ. 1974ರಲ್ಲಿ ಐಬಿಎಂ ಕಂಪನಿ 3850 ಎಂಬ ಯಂತ್ರವನ್ನು ಪ್ರಕಟಿಸಿತು. ಜೇನುಹಟ್ಟಿಯ ಕಣ್ಣುಗಳಂಥ ಗೂಡುಗಳು, ಗೂಡಿಗೊಂದು ಟೇಪಿನ ಉರುಳೆ. ಬೇಕಾದಾಗ ಯಂತ್ರದ ಕೈ ಅದನ್ನು ಎತ್ತಿತಂದು, ಒಳಗಿದ್ದುದನ್ನು ಡಿಸ್ಕಿಗೆ ಇಳಿಸುತ್ತಿತ್ತು.

ಇದರಲ್ಲಿ ಒಂದು ಸೊಗಸಾದ ಉಪಾಯವುಂಟು. ಕಡತ ಕೆಳಗೆ ಹೋದಮೇಲೂ ಅದರ ಹೆಸರು ಮೊದಲಿದ್ದ ಸ್ಥಳದಲ್ಲೇ ಉಳಿದಿರುತ್ತದೆ. ನೋಡುವವನಿಗೆ ಏನೂ ಬದಲಾದಂತೆ ಕಾಣದು. ಹೆಸರನ್ನು ಒತ್ತಿದರೆ ಒಂದಿಷ್ಟು ಹೊತ್ತು ಕಾಯಿಸಿ ಕಡತ ಬಂದು ನಿಲ್ಲುತ್ತದೆ. ಮನೆಯಾಕೆ ಡಬ್ಬಿಯನ್ನು ಬರಿದು ಮಾಡಿ, ಒಳಗೆ ‘ಕಣಜದಲ್ಲಿದೆ’ ಎಂಬ ಚೀಟಿ ಇಟ್ಟ ಹಾಗೆ.

ಹಳೆಯ ಮೈಸೂರಿನ ಒಕ್ಕಲು ಮಕ್ಕಳಿಗೆ ಈ ಏರ್ಪಾಡನ್ನು ಯಾವ ಕಂಪನಿಯೂ ಕಲಿಸಬೇಕಾಗಿರಲಿಲ್ಲ. ಇಂದಿನ ಹಿಟ್ಟು ಅಡಿಗೆಮನೆಯ ಮಡಕೆಯಲ್ಲಿ, ತಿಂಗಳ ರಾಗಿ ನಡುಮನೆಯ ವಾಡೆಯಲ್ಲಿ, ವರ್ಷದ್ದು ಕಣಜದಲ್ಲಿ, ಬರಗಾಲದ್ದು ನೆಲದೊಳಗಿನ ಹಗೇವಿನಲ್ಲಿ. ಹಗೇವಿನಲ್ಲಿ ರಾಗಿ ವರ್ಷಗಟ್ಟಲೆ ಕೆಡದು. ಆದರೆ ಅದನ್ನು ತೆಗೆಯುವುದು ಮಡಕೆಗೆ ಕೈಹಾಕಿದಷ್ಟು ಸುಲಭವಲ್ಲ. ಬಾಯಿ ತೆರೆದು, ಗಾಳಿಯಾಡಲು ಬಿಟ್ಟು, ಒಳಗಿನ ಗಾಳಿ ಹೇಗಿದೆಯೆಂದು ನೋಡಿ ಇಳಿಯಬೇಕು. ಆತುರಪಟ್ಟು ಇಳಿದವರು ಉಸಿರುಕಟ್ಟಿ ಸತ್ತದ್ದುಂಟು. ದೂರದಲ್ಲಿಟ್ಟದ್ದನ್ನು ತರುವುದಕ್ಕೆ ಹೊತ್ತೂ ಬೇಕು, ತಿಳಿವಳಿಕೆಯೂ ಬೇಕು.

ಇನ್ನು ‘ಕಡತ’ ಎಂಬ ಮಾತು. ಕಂಪ್ಯೂಟರಿನ ಫೈಲಿಗೆ ನಾವು ಕಡತವೆಂದೇ ಹೇಳುತ್ತೇವಲ್ಲ, ಹೀಗೆ ಹೇಳುವ ಎಷ್ಟು ಜನ ಕಡತವನ್ನು ಕಣ್ಣಿಂದ ಕಂಡಿದ್ದಾರೆ? ಬಟ್ಟೆಗೆ ಹುಣಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿದ ಕರಿಯ ಪಟ್ಟಿ ಅದು. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಅಳಿಸಿ ಮತ್ತೆ ಬರೆಯಬಹುದು. ಬರೆದುದನ್ನು ಹಾಗೆಯೇ ಬಿಟ್ಟರೆ ತಲೆಮಾರುಗಳು ಬಾಳುತ್ತಿತ್ತು. 1673ರಿಂದ 1704ರವರೆಗೆ ಈ ಪಟ್ಟಣದಿಂದ ರಾಜ್ಯವಾಳಿದ ಚಿಕ್ಕದೇವರಾಜ ಒಡೆಯರು ಆಡಳಿತವನ್ನು ಹದಿನೆಂಟು ಚಾವಡಿಗಳಾಗಿ ವಿಂಗಡಿಸಿದರು. ಅದೇ ಅಠಾರಾ ಕಚೇರಿ. ಯಾವ ಲೆಕ್ಕ ಯಾವ ಚಾವಡಿಗೆ ಸೇರಿದ್ದು ಎಂಬುದು ನಿಶ್ಚಯವಾದ ಮೇಲೆ ಹುಡುಕುವ ಕೆಲಸ ಅರ್ಧ ಮುಗಿದ ಹಾಗೆ. ನನ್ನ ಸೋದರಸೊಸೆಗೆ ಇದನ್ನು ಹೇಳಿದಾಗ, ‘ಅವರೂ ಬೇರು ಮೇಲೆ, ಕೊಂಬೆ ಕೆಳಗೆ ಅಂದಹಾಗಾಯಿತು’ ಎಂದಳು.

ಇನ್ನು ನನ್ನ ಅಟ್ಟದ ಕಥೆ. ನನ್ನ ತಾತ ಹತ್ತಿರದ ಕೆಲವು ಹಳ್ಳಿಗಳಿಗೆ ಶಾನುಭೋಗರಾಗಿದ್ದವರು. 1961ರ ಕಾಯಿದೆಯಿಂದ ಗ್ರಾಮಾಧಿಕಾರಗಳು ರದ್ದಾದಾಗ ಸರ್ಕಾರಕ್ಕೆ ಒಪ್ಪಿಸತಕ್ಕ ಲೆಕ್ಕಗಳನ್ನು ಒಪ್ಪಿಸಿದರು. ಅವರ ಸ್ವಂತ ನೆನಪಿಗೆಂದು ಬರೆದಿಟ್ಟುಕೊಂಡ ಪ್ರತಿಗಳು, ಅವರಿಗೂ ಹಿಂದಿನವರ ಎರಡು ಮೂರು ಕರಿಯ ಕಡತಗಳು ಅಟ್ಟದ ಮೇಲೆಯೇ ಉಳಿದವು. ಕೆಲವು ವರ್ಷದ ಕೆಳಗೆ ಹೆಂಚು ಇಳಿಸಿ ತಾರಸಿ ಹಾಕಿಸುವಾಗ ಅಟ್ಟ ಬರಿದಾಗಬೇಕಾಯಿತು. ನಾನು ಯಜಮಾನ, ಕೆಳಗೆ ನಿಂತು, ಒಂದೊಂದು ಕಟ್ಟು ಇಳಿದಂತೆಲ್ಲ ‘ಇದು ಇರಲಿ, ಇದು ಬೇಡ’ ಎಂದು ಹೇಳುತ್ತ ಹೋದೆ. ನನ್ನ ಕಾಲೇಜಿನ ಟಿಪ್ಪಣಿ ಪುಸ್ತಕಗಳು ಇರಲಿ. ತಾಯಿಯ ಹಿತ್ತಾಳೆಯ ಪಾತ್ರೆ ಇರಲಿ. ಲೆಕ್ಕದ ಕಟ್ಟುಗಳನ್ನು ನಾನು ಹುಟ್ಟಿದಾಗಿನಿಂದ ಯಾರೂ ಬಿಚ್ಚಿದ್ದಿಲ್ಲ. ಅರ್ಧ ಮೋಡಿ ಅಕ್ಷರ, ನನಗೆ ಓದಲೂ ಬಾರದು. ಬೇಡ. ಒಂದು ಕಟ್ಟು ಮಾತ್ರ ಹೇಗೋ ಪಾತ್ರೆಗಳ ನಡುವೆ ಸೇರಿಕೊಂಡು ಉಳಿಯಿತು. ಮಿಕ್ಕದ್ದು ಕೂಲಿಯವರ ಚಹದ ಒಲೆಗೂ ರದ್ದಿಯವನ ಚೀಲಕ್ಕೂ ಹೋಯಿತು.

ಎರಡು ವರ್ಷ ಕಳೆದು ನದಿಯಾಚೆಯ ಹಳ್ಳಿಯೊಂದರಿಂದ ಒಬ್ಬ ಮುದುಕರು ಬಂದರು. ಅವರ ತಾತನ ಕಾಲದ ಒಂದು ತುಂಡು ಬೆದ್ದಲು, ಅದರ ಒಂದು ಎಲ್ಲೆ, ದಾಯಾದಿಗಳ ಜಗಳ. ಕಾಗದ ಸಿಗಬೇಕಾದ ಕಡೆ ಸಿಗಲಿಲ್ಲವಂತೆ. ‘ಶಾನುಭೋಗಪ್ಪನವರ ಮನೇಲಿ ಇದ್ದೇ ಇರ್ತದೆ ಅಂತ ನಮ್ಮಪ್ಪ ಹೇಳ್ತಿದ್ದ ಸ್ವಾಮಿ’ ಎಂದರು. ಉಳಿದಿದ್ದ ಒಂದು ಕಟ್ಟನ್ನು ಬಿಚ್ಚಿ ನೋಡಿದೆವು, ಬೇರೆ ಹಳ್ಳಿಯದು. ಮಿಕ್ಕದ್ದು ಏನಾಯಿತೆಂದು ನಾನು ಹೇಳಿದೆ. ಅವರು ನನ್ನನ್ನು ಬಯ್ಯಲಿಲ್ಲ. ಮಜ್ಜಿಗೆ ಕುಡಿದು, ‘ಹುಡುಕಿದರೆ ಎಲ್ಲಾದರೂ ಸಿಕ್ಕೀತು’ ಎಂದು ತಮ್ಮ ದೂರವಾಣಿಯ ಅಂಕಿಯನ್ನು ಒಂದು ಚೀಟಿಯಲ್ಲಿ ಬರೆಸಿ, ನನ್ನ ಕೈಲಿಟ್ಟು ಹೊರಟರು.

ಅಂದಿನಿಂದ ನನ್ನನ್ನು ಕಾಡುವ ಪ್ರಶ್ನೆ ಇದು: ಮುಟ್ಟದೆ ಇದ್ದದ್ದು ಬೇಡವಾದದ್ದು ಎಂಬ ನಿಯಮ ನ್ಯಾಯವಾದದ್ದೆ?

ನಾನು ಮಾಡಿದ್ದೂ ಯಂತ್ರ ಮಾಡುವುದೂ ಒಂದೇ ಲೆಕ್ಕಾಚಾರ. ಅಷ್ಟೇಕೆ, ಯಂತ್ರ ನನಗಿಂತ ಸಜ್ಜನ. ಅದು ಕೆಳಗಿಳಿಸುತ್ತದೆ, ಒಲೆಗೆ ಹಾಕುವುದಿಲ್ಲ. ಆದರೆ ಅದು ‘ಮುಟ್ಟಿದ್ದು’ ಎಂದು ಎಣಿಸುವ ಬಗೆಯೂ ಸ್ವಾರಸ್ಯವಾಗಿದೆ. ಕಡತವನ್ನು ಕೊನೆಯ ಸಲ ಓದಿದ ಗಳಿಗೆಯನ್ನು ಅದು ಬರೆದಿಟ್ಟುಕೊಳ್ಳಬಲ್ಲದು. ಪ್ರತಿ ಸಲ ಓದಿದಾಗಲೂ ಬರೆಯುವುದು ದಂಡದ ಕೆಲಸವೆಂದು ಅನೇಕ ಕಡೆ ಅದನ್ನು ನಿಲ್ಲಿಸಿರುತ್ತಾರೆ, ಇಲ್ಲವೆ ಅಪರೂಪಕ್ಕೊಮ್ಮೆ ಬರೆಯುವಂತೆ ಮಾಡಿರುತ್ತಾರೆ. ಇನ್ನು ಕೆಲವು ಕಡೆ, ಪ್ರತಿ ತೆಗೆಯುವ ಯಂತ್ರವೇ ರಾತ್ರಿ ಎಲ್ಲ ಕಡತಗಳನ್ನೂ ಓದಿಹೋಗಿ, ಬೆಳಗಾದರೆ ಎಲ್ಲವೂ ನಿನ್ನೆ ತಾನೆ ಯಾರೋ ಓದಿದ ಹಾಗೆ ಕಾಣುತ್ತವಂತೆ. ಕೆಲಸದಾಕೆ ಕಪಾಟಿನ ಧೂಳು ಹೊಡೆದರೆ ಯಜಮಾನ ಪುಸ್ತಕಗಳನ್ನೆಲ್ಲ ಓದಿದ ಕೀರ್ತಿ ಪಡೆದಂತೆ!

ಎಣಿಕೆ ಸರಿಯಾಗಿಯೇ ಇದ್ದರೂ ಅದು ಹೇಳುವುದೇನು? ನಮ್ಮ ಕಡೆಯವರಿಗೆಲ್ಲ ತಿಳಿದ ಒಂದು ವಸ್ತುವನ್ನು ನೋಡಿ. ಮೇಲುಕೋಟೆಯ ಚೆಲುವನಾರಾಯಣನ ವೈರಮುಡಿ ವರ್ಷವೆಲ್ಲ ಮಂಡ್ಯದ ಖಜಾನೆಯಲ್ಲಿ ಕತ್ತಲಲ್ಲಿರುತ್ತದೆ. ಒಂದು ದಿನ ಮಾತ್ರ ಪೆಟ್ಟಿಗೆ ಹೊರಬಂದು, ಪೋಲೀಸರ ಕಾವಲಿನಲ್ಲಿ, ದಾರಿಯ ಊರೂರಿನಲ್ಲೂ ಪೂಜೆಗೊಂಡು, ನಮ್ಮ ಶ್ರೀರಂಗಪಟ್ಟಣವನ್ನು ಹಾದು ಮೇಲುಕೋಟೆಯ ಬೆಟ್ಟ ಹತ್ತುತ್ತದೆ. ಒಂದು ರಾತ್ರಿ ಸ್ವಾಮಿಯ ತಲೆಯ ಮೇಲಿದ್ದು ಮತ್ತೆ ಪೆಟ್ಟಿಗೆಗೆ. ಮುನ್ನೂರ ಅರವತ್ತೈದರಲ್ಲಿ ಒಂದು ರಾತ್ರಿ! ಎಣಿಕೆಯ ನಿಯಮ ಇದನ್ನು ಎಲ್ಲಕ್ಕಿಂತ ಕೆಳಗಿನ ಅಂತಸ್ತಿಗೆ ಹಾಕುತ್ತದೆ. ಇದು ಇರುವುದೂ ಅಲ್ಲಿಯೇ. ಕೆಳಗಿಟ್ಟದ್ದರಿಂದ ಅದಕ್ಕೆ ಕುಂದೇನೂ ಆಗಿಲ್ಲ, ಏಕೆಂದರೆ ಅಲ್ಲಿಂದ ಮೇಲಕ್ಕೆ ಬರುವ ದಾರಿಯನ್ನು ವರ್ಷಕ್ಕೊಮ್ಮೆ ನಡೆದು ತೋರಿಸುವ ಜನ ಇದ್ದಾರೆ.

ದಾರಿ ತಪ್ಪಿದ್ದಕ್ಕೂ ನಮ್ಮ ಊರಿನಲ್ಲೇ ನಿದರ್ಶನವುಂಟು. 1799ರ ಮೇ 4ರಂದು ಕೋಟೆ ಬಿದ್ದ ಮೇಲೆ ಟಿಪ್ಪು ಸುಲ್ತಾನರ ಗ್ರಂಥಭಂಡಾರ ಇಂಗ್ಲಿಷರ ಕೈಸೇರಿತು. ಕೊಳ್ಳೆಯ ಮಾಲಿನ ಹಂಚಿಕೆ ನೋಡಿಕೊಳ್ಳುತ್ತಿದ್ದ ಮೇಜರ್ ಡೇವಿಡ್ ಪ್ರೈಸ್ ಅದನ್ನು ಕಂಡ ಬಗೆಯನ್ನು ಬರೆದಿಟ್ಟಿದ್ದಾನೆ. ಅರಮನೆಯ ಮಹಡಿಯ ಒಂದು ಮೂಲೆಯ ಕತ್ತಲ ಕೋಣೆಯಲ್ಲಿ, ತೊಗಲು ಹೊದಿಸಿದ ಬುಟ್ಟಿಗಳಲ್ಲಿ ಪುಸ್ತಕಗಳನ್ನು ತುಂಬಿದ್ದರು. ಒಂದು ಪುಸ್ತಕ ಬೇಕಾದರೆ ಇಡೀ ಬುಟ್ಟಿಯನ್ನು ನೆಲಕ್ಕೆ ಸುರಿಯಬೇಕಾಗಿತ್ತು. ಟೇಪಿನ ಸಂಕಟವೂ ಹೆಚ್ಚುಕಡಿಮೆ ಇದೇ: ನಡುವಿನದು ಬೇಕಾದರೆ ಮೊದಲಿನದನ್ನೆಲ್ಲ ಸುತ್ತಿ ದಾಟಬೇಕು. ಸುಲ್ತಾನರ ಬಳಿ ಕೈಗೆ ಸಿಗುವಷ್ಟು ಹತ್ತಿರದಲ್ಲಿದ್ದ ಪುಸ್ತಕವೂ ಒಂದಿತ್ತು. ಅದು ಮಲಗುವ ಕೋಣೆಯಲ್ಲಿ ಕರ್ನಲ್ ಕರ್ಕ್‌ಪ್ಯಾಟ್ರಿಕ್‌ಗೆ ಸಿಕ್ಕಿದ್ದು. ತಮ್ಮ ಕನಸುಗಳನ್ನು ಸ್ವಹಸ್ತದಿಂದ ಪಾರ್ಸಿಯಲ್ಲಿ ಬರೆದಿಟ್ಟ ಪುಸ್ತಕ, ಮೂವತ್ತೇಳು ಕನಸುಗಳು. ಯಾರಾದರೂ ಹತ್ತಿರ ಬಂದರೆ ಅದನ್ನು ಮರೆಮಾಡುತ್ತಿದ್ದರಂತೆ. ರಾಜ್ಯದ ಭಂಡಾರವೆಲ್ಲ ಬುಟ್ಟಿಗಳಲ್ಲಿ, ಕನಸು ದಿಂಬಿನ ಬಳಿ. ಮನುಷ್ಯ ಯಾವುದನ್ನು ಹತ್ತಿರ ಇಟ್ಟುಕೊಳ್ಳುತ್ತಾನೆ ಎಂಬುದರಿಂದ ಅವನ ವಿಚಾರ ತಿಳಿಯುವಷ್ಟು ಅವನ ಮಾತಿನಿಂದ ತಿಳಿಯದು.

ಆ ಪುಸ್ತಕಗಳು ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿಗೂ ಅಲ್ಲಿಯ ಏಷಿಯಾಟಿಕ್ ಸೊಸೈಟಿಗೂ ಲಂಡನ್ನಿನ ಕಂಪನಿಯ ಪುಸ್ತಕಾಲಯಕ್ಕೂ ಚದುರಿದವು. ಚಾರ್ಲ್ಸ್ ಸ್ಟೂವರ್ಟ್ ಎಂಬ ವಿದ್ವಾಂಸ 1809ರಲ್ಲಿ ಅವುಗಳ ಪಟ್ಟಿಯನ್ನು ಅಚ್ಚು ಹಾಕಿಸಿದ. ಸುಮಾರು ಎರಡು ಸಾವಿರ ಸಂಪುಟಗಳಿದ್ದ ಭಂಡಾರ ಅದು. ಒಂದೆಡೆ ಇದ್ದ ಅದರ ಗುರುತಾಗಿ ಉಳಿದಿರುವುದು ಆ ಪಟ್ಟಿ. ಅರಮನೆಯಿದ್ದ ಜಾಗದಲ್ಲಿ ಇಂದು ಅಡಿಗಲ್ಲುಗಳಿವೆ. ಪುಸ್ತಕಗಳು ಹಾಳಾಗಲಿಲ್ಲ, ಜೋಪಾನವಾಗಿಯೇ ಇವೆ ಎಂದು ಯಾರಾದರೂ ಸಮಾಧಾನ ಹೇಳಬಹುದು. ಹೌದು. ಪಟ್ಟಣದ ಹುಡುಗನೊಬ್ಬ ಅದನ್ನು ನೋಡಬೇಕೆಂದರೆ ಎಷ್ಟು ದೂರ ಹೋಗಬೇಕು?

ಎಲ್ಲವನ್ನೂ ಇಟ್ಟುಕೊಳ್ಳೋಣ ಎಂದು ನಾನು ಹೇಳಲಾರೆ. ನನ್ನ ಸೋದರಸೊಸೆ ಇದನ್ನು ಒಪ್ಪುವುದೇ ಇಲ್ಲ. ‘ಎಲ್ಲವನ್ನೂ ಇಡುವವರು ಏನನ್ನೂ ನೋಡುವುದಿಲ್ಲ ಮಾವ. ಇಡುವುದಕ್ಕೆ ವಿದ್ಯುತ್ತು ಬೇಕು, ಜಾಗ ಬೇಕು, ನೋಡಿಕೊಳ್ಳುವವರು ಬೇಕು’ ಎನ್ನುತ್ತಾಳೆ. ಇಟ್ಟ ಮಾತ್ರಕ್ಕೆ ಉಳಿಯುವುದೂ ಇಲ್ಲ. ಈಗ ಬಳಕೆಯಲ್ಲಿರುವ ಎಲ್‌ಟಿಓ ಜಾತಿಯ ಟೇಪುಗಳಲ್ಲಿ, ಎಂಟನೆಯ ತಲೆಮಾರಿನ ಯಂತ್ರ ಏಳನೆಯದರ ಟೇಪನ್ನು ಓದೀತು, ಆರನೆಯದನ್ನು ಓದಲಾರದು. ಆದ್ದರಿಂದ ಕೆಲವು ವರ್ಷಕ್ಕೊಮ್ಮೆ ಎಲ್ಲವನ್ನೂ ಹೊಸ ಟೇಪಿಗೆ ದಾಟಿಸುತ್ತಿರಬೇಕು. ಮೋಡಿ ಓದಬಲ್ಲ ತಲೆಮಾರು ಮುಗಿದಾಗ ನಮ್ಮ ಮನೆಯ ಕಡತಕ್ಕೆ ಆದದ್ದೂ ಇದೇ. ಜಾಗದ ಕೊರತೆ ದೊಡ್ಡವರನ್ನೂ ಬಿಟ್ಟಿಲ್ಲ. 1969ರಲ್ಲಿ ಮನುಷ್ಯ ಚಂದ್ರನ ಮೇಲೆ ಕಾಲಿಟ್ಟಾಗ ಅಲ್ಲಿಂದ ಬಂದ ಸಂಕೇತಗಳ ಮೂಲ ಟೇಪುಗಳನ್ನು, ಟೇಪಿಗೆ ಅಭಾವವಾದಾಗ ಅಳಿಸಿ ಮತ್ತೆ ಬಳಸಿರುವುದೇ ಸಂಭವವೆಂದು ಅಮೆರಿಕದ ನಾಸಾ ಸಂಸ್ಥೆಯೇ 2009ರಲ್ಲಿ ಹೇಳಿತು. ಅಳಿಸಿದವನು ದುಷ್ಟನೇನಲ್ಲ. ಅವನಿಗೆ ಅಂದಿನ ಕೆಲಸಕ್ಕೆ ಟೇಪು ಬೇಕಾಗಿತ್ತು, ನನಗೆ ತಾರಸಿ ಬೇಕಾಗಿದ್ದಂತೆ.

ಹಾಗಾದರೆ ನನ್ನ ತಪ್ಪು ಎಲ್ಲಿ? ಬಹಳ ದಿನ ಯೋಚಿಸಿ ನನಗೆ ಹೊಳೆದದ್ದು ಇಷ್ಟು. ಹಗೇವಿನ ರಾಗಿಯನ್ನು ಇಟ್ಟವರೇ ಉಣ್ಣುವವರು. ಅಲ್ಲಿ ‘ನನಗೆ ಬೇಕೆ, ಬೇಡವೆ’ ಎಂದು ನೋಡುವುದು ಸರಿಯಾದ ಅಳತೆ. ನನ್ನ ಟಿಪ್ಪಣಿ ಪುಸ್ತಕಗಳನ್ನು ಬೇಕಾದರೆ ನಾನು ಸುಡಬಹುದಿತ್ತು, ಅವನ್ನಾದರೋ ಜೋಪಾನವಾಗಿಟ್ಟೆ! ಶಾನುಭೋಗರ ಲೆಕ್ಕ ಶಾನುಭೋಗರದಲ್ಲ. ಅದರಲ್ಲಿದ್ದ ಬೆದ್ದಲು ಬೇರೆಯವರದು, ಎಲ್ಲೆ ಬೇರೆಯವರದು. ನಾವು ಇಟ್ಟುಕೊಂಡಿದ್ದವರು ಅಷ್ಟೇ. ನಾನು ಐವತ್ತು ವರ್ಷ ಮುಟ್ಟಲಿಲ್ಲ ಎಂಬುದು ನನ್ನ ವಿಷಯದಲ್ಲಿ ಒಂದು ಸಂಗತಿಯೇ ಹೊರತು ಆ ಕಟ್ಟಿನ ವಿಷಯದಲ್ಲಿ ಅಲ್ಲ. ಬೇಕಾದವರು ಆಗ ಇನ್ನೂ ಬಂದಿರಲಿಲ್ಲ. ಬರಲು ಅವರ ಮನೆಯಲ್ಲಿ ಜಗಳ ಹುಟ್ಟಬೇಕಾಗಿತ್ತು. ಒಲೆಗೆ ಹಾಕಿದ್ದರಿಂದ ನನಗೆ ಒಂದು ಕಾಸಿನ ನಷ್ಟವೂ ಆಗಲಿಲ್ಲ. ನಷ್ಟ ತನಗಾಗದ ಕಡೆ ‘ಬೇಡ’ ಎನ್ನುವುದು ಎಷ್ಟು ಹಗುರ!

2000ದ ಹೊತ್ತಿಗೆ ‘ಭೂಮಿ’ ಯೋಜನೆಯಲ್ಲಿ ಚಾಲ್ತಿಯ ಪಹಣಿಗಳು ಕಂಪ್ಯೂಟರಿಗೆ ಏರಿದವು. ಹಳೆಯವು ದಾಖಲೆ ಕೋಣೆಗಳಲ್ಲೇ ಉಳಿದವು. 2024ರಿಂದ ಅವುಗಳನ್ನೂ ಒಂದೊಂದಾಗಿ ಚಿತ್ರ ತೆಗೆದು ಮೇಲಕ್ಕೆ ತರುವ ‘ಭೂ ಸುರಕ್ಷಾ’ ಕೆಲಸ ತಾಲ್ಲೂಕು ಕಚೇರಿಗಳಲ್ಲಿ ನಡೆಯುತ್ತಿದೆ. ಬಹಳ ಒಳ್ಳೆಯದು. ಅಷ್ಟರಲ್ಲಿ ಒಲೆ ಸೇರದೆ ಇದ್ದವು ಉಳಿಯುತ್ತವೆ.

ಉಳಿದ ಒಂದು ಕಟ್ಟನ್ನು ಯುಗಾದಿಯ ಮರುದಿನ ಸೋದರಸೊಸೆ ಬಿಚ್ಚಿ, ಹಾಳೆ ಹಾಳೆಯಾಗಿ ಚಿತ್ರ ತೆಗೆದಳು. ಮೋಡಿ ಬಲ್ಲವರೊಬ್ಬರನ್ನು ಮೈಸೂರಿನಲ್ಲಿ ವಿಚಾರಿಸಿದ್ದೇನೆ. ಯಾವ ಹಳ್ಳಿಯ ಲೆಕ್ಕವೆಂದು ಒಂದು ಕಾಗದದಲ್ಲಿ ಬರೆದು ತಗಡಿನ ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿದ್ದಾಯಿತು. ಆ ಹಳ್ಳಿಯ ಒಬ್ಬಿಬ್ಬರಿಗೆ ಹೇಳಿಯೂ ಬಂದೆ. ಹೊರಡುವ ಮುಂಚೆ ಅವಳು ನನ್ನ ಮೇಜನ್ನು ಓರಣ ಮಾಡಿದಳು. ಮೇಲಿನ ಖಾನೆಯಲ್ಲಿ, ಕನ್ನಡಕದ ಪೆಟ್ಟಿಗೆಯ ಪಕ್ಕದಲ್ಲಿದ್ದ ಒಂದು ಹಳೆಯ ಚೀಟಿಯನ್ನು ಎತ್ತಿ, ‘ಯಾರದೋ ಫೋನ್ ನಂಬರು ಮಾವ, ಇದನ್ನು ಮುಟ್ಟಿ ಎಷ್ಟು ಕಾಲವಾಯಿತು? ಪೆಟ್ಟಿಗೆಗೆ ಹಾಕಲೆ?’ ಎಂದು ಕೇಳಿದಳು.

ಅಲ್ಲೇ ಇರಲಿ ಎಂದೆ.